ಮೊಸರಿನ ಹುಳಿಗೆ ಸಕ್ಕರೆ ಮದ್ದಲ್ಲ

ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹೆಪ್ಪು ಹಾಕಿದ ಹಾಲು ಮಧ್ಯಾಹ್ನದ ಊಟದ ಹೊತ್ತಿಗೆ ಮೊಸರಾಗಿರುತ್ತದೆ. ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟರೆ, ರಾತ್ರಿ ಉಣ್ಣಲು ಕುಳಿತ ಎರಡು ವರ್ಷದ ಕೂಸು ಮೊದಲ ತುತ್ತಿಗೇ ಮುಖ ಕಿವುಚುತ್ತದೆ. ಆಗ ಹಿರಿಯರ ಕೈ ಸಕ್ಕರೆ ಡಬ್ಬಿಯ ಕಡೆಗೆ ಹೋಗುತ್ತದೆ. ಪೇಟೆಯಿಂದ ತರುವವರಾದರೆ ಹಣ್ಣಿನ ಚಿತ್ರವಿರುವ ಸಿಹಿ ಯೋಗರ್ಟ್ ಕಪ್ಪನ್ನು ತರುತ್ತಾರೆ. ಎರಡೂ ಕಡೆ ನಡೆಯುವುದು ಒಂದೇ ಕೆಲಸ, ಹುಳಿಯನ್ನು ಸಕ್ಕರೆಯಿಂದ ಮುಚ್ಚುವುದು. ಹುಳಿ ಯಾವಾಗ ಮತ್ತು ಏಕೆ ಹೆಚ್ಚುತ್ತದೆ ಎಂಬುದು ತಿಳಿದರೆ ಮುಚ್ಚುವ ಅಗತ್ಯವೇ ಬಹುಮಟ್ಟಿಗೆ ಬೀಳುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಕಳ ಹಾಲಿರಲಿ ಎಮ್ಮೆಯ ಹಾಲಿರಲಿ, 100 ಗ್ರಾಂ ಹಾಲಿನಲ್ಲಿ ಸುಮಾರು 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಇದು ಹಾಲಿನದೇ ಸಕ್ಕರೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಇದರಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ಬಳಸಿಕೊಂಡು ಲ್ಯಾಕ್ಟಿಕ್ ಆಮ್ಲವನ್ನು ಹೊರಬಿಡುತ್ತವೆ. ಆಮ್ಲ ಹೆಚ್ಚಿದಂತೆ ಹಾಲಿನ ಪಿಎಚ್, ಅಂದರೆ ಹುಳಿ ಏರಿದಷ್ಟೂ ಇಳಿಯುವ ಅಳತೆಯ ಅಂಕಿ, 6.6ರ ಆಸುಪಾಸಿನಿಂದ ಕೆಳಗಿಳಿಯುತ್ತದೆ. ಅದು 4.6ರ ಹತ್ತಿರಕ್ಕೆ ಬಂದಾಗ ಕೇಸೀನ್ ಎಂಬ ಪ್ರೋಟೀನಿನ ಕಣಗಳು ಪರಸ್ಪರ ದೂರವಿರುವ ಗುಣವನ್ನು ಕಳೆದುಕೊಂಡು, ಒಂದಕ್ಕೊಂದು ಅಂಟಿ, ನೀರು ಮತ್ತು ಕೊಬ್ಬನ್ನು ಹಿಡಿದಿಡುವ ಜಾಲವಾಗುತ್ತವೆ. ನಾವು ಮೊಸರು ಹೆಪ್ಪುಗಟ್ಟಿತು ಎನ್ನುವುದು ಈ ಘಟ್ಟವನ್ನೇ. ಆದರೆ ಜಾಲ ಕಟ್ಟಿತೆಂದು ಬ್ಯಾಕ್ಟೀರಿಯಾಗಳ ಕೆಲಸ ನಿಲ್ಲುವುದಿಲ್ಲ. ಬೆಚ್ಚಗಿರುವಷ್ಟು ಹೊತ್ತೂ ಆಮ್ಲ ಏರುತ್ತಲೇ ಇರುತ್ತದೆ, ಪಿಎಚ್ ಇಳಿಯುತ್ತಲೇ ಇರುತ್ತದೆ. ಪಿಎಚ್ ಒಂದು ಅಂಕಿ ಇಳಿದರೆ ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಹತ್ತು ಪಟ್ಟಾಗುತ್ತದೆ ಎಂಬುದನ್ನು ನೆನೆದರೆ, 4.6ಕ್ಕೂ 4ಕ್ಕೂ ನಡುವಿನ ಚಿಕ್ಕ ಅಂತರ ಕೂಸಿನ ನಾಲಿಗೆಗೆ ಏಕೆ ಅಷ್ಟು ದೊಡ್ಡದೆಂದು ಅರ್ಥವಾಗುತ್ತದೆ.

1905ರಲ್ಲಿ ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ತಮ್ಮ ನಾಡಿನ ಮೊಸರಿನಲ್ಲಿ ಗುರುತಿಸಿದ ಲ್ಯಾಕ್ಟೋಬ್ಯಾಸಿಲಸ್ ಬಲ್ಗೇರಿಕಸ್ ಎಂಬ ಬ್ಯಾಕ್ಟೀರಿಯಾ, ಅದರ ಜೊತೆಗಾರನಾದ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್, ಇವೆರಡರಿಂದ ಕಾರ್ಖಾನೆಗಳಲ್ಲಿ 42ರಿಂದ 43 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಯೋಗರ್ಟ್ ತಯಾರಾಗುತ್ತದೆ. ನಮ್ಮ ಮನೆಯ ಹೆಪ್ಪಿನಲ್ಲಿ ಮನೆಯಿಂದ ಮನೆಗೆ ಬೇರೆಯಾಗುವ ಮಿಶ್ರ ಬಳಗವಿರುತ್ತದೆ. ಕೂಸಿನ ಮಟ್ಟಿಗೆ ಇವುಗಳಲ್ಲಿ ಮೇಲುಕೀಳು ಎಣಿಸಬೇಕಾಗಿಲ್ಲ.

ಈಗ ಕಪ್ಪಿನ ಮೇಲಿನ ಅಂಕಿಗಳಿಗೆ ಬರೋಣ. ಏನೂ ಬೆರೆಸದ ಮೊಸರಿನ ಪೊಟ್ಟಣದ ಮೇಲೂ 'ಒಟ್ಟು ಸಕ್ಕರೆ' ಎಂಬ ಸಾಲಿನಲ್ಲಿ 100 ಗ್ರಾಂಗೆ 4 ಗ್ರಾಂನಷ್ಟು ಕಾಣಿಸುತ್ತದೆ. ಅದನ್ನು ಕಂಡು ಹೆದರುವ ತಾಯಂದಿರಿದ್ದಾರೆ. ಆ 4 ಗ್ರಾಂ ಉಳಿದಿರುವ ಲ್ಯಾಕ್ಟೋಸೇ ಹೊರತು ಯಾರೂ ಸುರಿದದ್ದಲ್ಲ. ನಾವು ಚಹಾಕ್ಕೆ ಹಾಕುವ ಸಕ್ಕರೆಯ ಸಿಹಿಯಲ್ಲಿ ಅರ್ಧ ಭಾಗವೂ ಲ್ಯಾಕ್ಟೋಸಿಗೆ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹಾಕಿರುವುದು ಆಹಾರಕ್ಕೆ ಬೆರೆಸಿದ ಸಕ್ಕರೆ, ಬೆಲ್ಲ, ಜೇನುತುಪ್ಪ, ಸಿರಪ್ಪು, ಹಣ್ಣಿನ ರಸ ಇವುಗಳಲ್ಲಿರುವ 'ಮುಕ್ತ ಸಕ್ಕರೆ'ಗೆ. ಹಾಲಿನ ಲ್ಯಾಕ್ಟೋಸ್ ಮತ್ತು ಇಡೀ ಹಣ್ಣಿನೊಳಗಿನ ಸಕ್ಕರೆ ಆ ಲೆಕ್ಕಕ್ಕೆ ಸೇರುವುದಿಲ್ಲ. ಭೇದಕ್ಕೆ ಕಾರಣ ಬಾಯಿಯಲ್ಲಿಯೂ ಇದೆ. ಹಲ್ಲು ಹುಳುಕು ಮಾಡುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ಸುಕ್ರೋಸಿನಿಂದ, ಅಂದರೆ ನಮ್ಮ ಡಬ್ಬಿಯ ಸಕ್ಕರೆಯಿಂದ, ಅಂಟಿನಂಥ ಪದಾರ್ಥವನ್ನು ನೇಯ್ದು ಹಲ್ಲಿಗೆ ಕಚ್ಚಿಕೊಳ್ಳುತ್ತದೆ; ಲ್ಯಾಕ್ಟೋಸಿನಿಂದ ಆ ಅಂಟು ತಯಾರಾಗುವುದಿಲ್ಲ.

ಹಾಗಾದರೆ ಸಿಹಿ ಯೋಗರ್ಟಿನ ಕಪ್ಪಿನಲ್ಲಿ ಬೆರೆಸಿದ್ದು ಎಷ್ಟು? ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿಯ ಪ್ರಕಾರ ಪೊಟ್ಟಣದ ಪೋಷಕಾಂಶದ ಕೋಷ್ಟಕದಲ್ಲಿ ಒಟ್ಟು ಸಕ್ಕರೆಯನ್ನೂ ಸೇರಿಸಿದ ಸಕ್ಕರೆಯನ್ನೂ ಬೇರೆಬೇರೆಯಾಗಿ ತೋರಿಸಬೇಕು. ನೋಡಬೇಕಾದದ್ದು ಎರಡನೆಯದನ್ನು. ಅಕ್ಷರ ಸಣ್ಣದಾಗಿ ಓದಲು ಬಾರದಿದ್ದರೆ ಒಟ್ಟು ಸಕ್ಕರೆಯಿಂದ 4 ಅಥವಾ 5 ಕಳೆದರೆ ಅಂದಾಜು ಸಿಗುತ್ತದೆ. 100 ಗ್ರಾಂಗೆ 14 ಗ್ರಾಂ ಸಕ್ಕರೆಯಿರುವ ಒಂದು ಕಪ್ಪನ್ನು ಊಹಿಸಿಕೊಳ್ಳಿ. ಅದರಲ್ಲಿ ಸುಮಾರು 10 ಗ್ರಾಂ, ಅಂದರೆ ಎರಡೂವರೆ ಚಮಚ, ಹೊರಗಿನಿಂದ ಬಂದದ್ದು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ 1,000ದಿಂದ 1,100 ಕಿಲೋ ಕ್ಯಾಲೊರಿ. ಮುಕ್ತ ಸಕ್ಕರೆಯನ್ನು ಒಟ್ಟು ಶಕ್ತಿಯ 10 ಶೇಕಡಾದೊಳಗೆ, ಸಾಧ್ಯವಾದರೆ 5 ಶೇಕಡಾದೊಳಗೆ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆ 5 ಶೇಕಡಾ ಎಂದರೆ ಈ ವಯಸ್ಸಿಗೆ ಬರೀ 13 ಗ್ರಾಂ ಚಿಲ್ಲರೆ. ಒಂದು ಕಪ್ಪು ಯೋಗರ್ಟಿನಲ್ಲಿಯೇ ಅದರ ಮುಕ್ಕಾಲು ಪಾಲು ಮುಗಿದುಹೋಯಿತು. ಎರಡು ವರ್ಷ ತುಂಬುವವರೆಗೆ ಬೆರೆಸಿದ ಸಕ್ಕರೆಯೇ ಬೇಡವೆಂದು ಅಮೆರಿಕದ ಹೃದಯ ಸಂಘ 2016ರಲ್ಲಿ ಇನ್ನೂ ಕಟ್ಟುನಿಟ್ಟಾಗಿ ಹೇಳಿದೆ. ನನಗೆ ಈ ಮಾತೇ ಸರಿಯೆನಿಸುತ್ತದೆ, ಏಕೆಂದರೆ ಅಳೆದು ಹಾಕುವುದಕ್ಕಿಂತ ಹಾಕದೇ ಇರುವುದು ಮನೆಯವರೆಲ್ಲರಿಗೂ ಸುಲಭ.

ಪದಾರ್ಥಗಳ ಪಟ್ಟಿಯನ್ನೂ ಓದಬೇಕು. ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ, ಇದು ಅದರ ಕ್ರಮ. ಹಾಲಿನ ಬೆನ್ನಿಗೇ ಸಕ್ಕರೆ ಬಂದಿದ್ದರೆ ಆ ಕಪ್ಪನ್ನು ಕೂಸಿಗಾಗಿ ಕೊಳ್ಳಬೇಡಿ. ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಇನ್ವರ್ಟ್ ಸಿರಪ್, ಸಾಂದ್ರೀಕರಿಸಿದ ಹಣ್ಣಿನ ರಸ ಇವೆಲ್ಲ ಸಕ್ಕರೆಯ ಬೇರೆ ಬೇರೆ ಹೆಸರುಗಳು. 'ಸಕ್ಕರೆ ರಹಿತ' ಎಂದು ಬರೆದು ಕೃತಕ ಸಿಹಿಕಾರಕ ಹಾಕಿರುವ ಕಪ್ಪೂ ಚಿಕ್ಕ ಮಕ್ಕಳಿಗೆ ಬೇಡ; ಆರು ತಿಂಗಳಿನಿಂದ ಎರಡು ವರ್ಷದೊಳಗಿನ ಮಕ್ಕಳ ಆಹಾರದ ಬಗ್ಗೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ.

ನಮ್ಮದು ಕಬ್ಬಿನ ಸೀಮೆ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ತುಂಬ ಸಕ್ಕರೆ ಕಾರ್ಖಾನೆಗಳಿವೆ, ಮಹಾಲಿಂಗಪುರದ ಬೆಲ್ಲದ ಪೇಟೆಗೆ ದೊಡ್ಡ ಹೆಸರಿದೆ. ಸಿಹಿ ಇಲ್ಲಿ ಬದುಕೂ ಹೌದು, ಅಕ್ಕರೆಯ ಭಾಷೆಯೂ ಹೌದು. ಆದುದರಿಂದಲೇ 'ಸಕ್ಕರೆ ಬೇಡವಾದರೆ ಬೆಲ್ಲ ಹಾಕೋಣ' ಎಂಬ ಮಾತು ಮನೆಮನೆಯಲ್ಲಿ ಬರುತ್ತದೆ. ಬೆಲ್ಲದ ಬಹುಪಾಲು ಸುಕ್ರೋಸೇ ಆಗಿದ್ದು, ಅದರಲ್ಲಿರುವ ಅಲ್ಪಸ್ವಲ್ಪ ಖನಿಜಕ್ಕಾಗಿ ಕೂಸಿಗೆ ಅದನ್ನು ತಿನ್ನಿಸುವುದರಲ್ಲಿ ಅರ್ಥವಿಲ್ಲ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ಅಪಾಯವೇ ಸರಿ, ಏಕೆಂದರೆ ಅದರಲ್ಲಿರಬಹುದಾದ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಬೆಳಗಾವಿಯ ಮನೆಗಳಲ್ಲಿ ಹಬ್ಬಕ್ಕೆ ಮಾಡುವ ಶ್ರೀಖಂಡವೂ ಮೊಸರಿನದೇ ಆದರೂ, ಅದರಲ್ಲಿ ಸೇರುವ ಸಕ್ಕರೆಯನ್ನು ನೋಡಿದರೆ ಅದನ್ನು ಮಿಠಾಯಿಯ ಸಾಲಿನಲ್ಲಿಡಬೇಕಾಗುತ್ತದೆ.

ಇಷ್ಟೊಂದು ಎಚ್ಚರ ಏಕೆ ಎಂದು ಕೇಳುವವರಿಗೆ ಬ್ರಿಟನ್ನಿನ ಒಂದು ಉದಾಹರಣೆ ಇದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಜಾರಿಗೆ ಬಂದಿದ್ದ ಸಕ್ಕರೆಯ ರೇಷನ್ 1953ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಜನ ತಿನ್ನುವ ಸಕ್ಕರೆ ಬೇಗನೆ ಸುಮಾರು ಇಮ್ಮಡಿಯಾಯಿತು. ಆ ಗಡಿಯ ಆಚೆ ಈಚೆ ಹುಟ್ಟಿದವರ ಆರೋಗ್ಯವನ್ನು ಹೋಲಿಸಿದ ಅಧ್ಯಯನವೊಂದು 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಗರ್ಭದಿಂದ ಹಿಡಿದು ಎರಡು ವರ್ಷದವರೆಗಿನ ಅವಧಿಯನ್ನು ರೇಷನ್ ಕಾಲದಲ್ಲಿ ಕಳೆದವರಲ್ಲಿ ಮುಂದೆ ಎರಡನೆಯ ಬಗೆಯ ಮಧುಮೇಹದ ಸಂಭವ ಸುಮಾರು 35 ಶೇಕಡಾ, ರಕ್ತದೊತ್ತಡದ ಸಂಭವ ಸುಮಾರು 20 ಶೇಕಡಾ ಕಡಿಮೆಯಿತ್ತು. ಇದು ಪ್ರಯೋಗಶಾಲೆಯ ಪರೀಕ್ಷೆಯಲ್ಲ, ಇತಿಹಾಸ ತಾನೇ ಒದಗಿಸಿದ ಹೋಲಿಕೆ. ಆದರೂ ಎಳವೆಯ ನಾಲ್ಕು ಚಮಚ ಸಕ್ಕರೆಯನ್ನು ಹಗುರವಾಗಿ ಎಣಿಸಬಾರದೆಂಬುದಕ್ಕೆ ನನಗೆ ಇದು ಸಾಕು.

ಇನ್ನು ಆಯ್ಕೆಯ ಮಾತು. ಎರಡು ವರ್ಷದೊಳಗಿನ ಮಗುವಿಗೆ ಕೆನೆ ತೆಗೆಯದ ಹಾಲಿನ, ಏನೂ ಬೆರೆಸದ ಮೊಸರೇ ಬೇಕು, ಏಕೆಂದರೆ ಮಿದುಳು ಬೆಳೆಯುವ ಆ ಕಾಲದಲ್ಲಿ ಕೊಬ್ಬನ್ನು ಕಡಿತ ಮಾಡುವಂತಿಲ್ಲ. ಆರು ತಿಂಗಳು ತುಂಬಿ ಮೇಲಾಹಾರ ಶುರುವಾದ ಮೇಲೆ ಒಂದೆರಡು ಚಮಚದಿಂದ ಆರಂಭಿಸಿ, ಮೈಮೇಲೆ ದದ್ದು, ವಾಂತಿ, ಭೇದಿ ಕಾಣಿಸುತ್ತದೆಯೇ ಎಂದು ಗಮನಿಸಬೇಕು. ಮೊಸರಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ 67 ಶೇಕಡಾ ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತ್ತು. ಹಾಗಿರುವಾಗ ಬೇಳೆ, ಸೊಪ್ಪು, ಮೊಟ್ಟೆಗಳ ಜಾಗವನ್ನು ಮೊಸರಿಗೆ ಬಿಟ್ಟುಕೊಡಬಾರದು.

ಹುಳಿಯನ್ನು ಹದದಲ್ಲಿಡುವ ಉಪಾಯಗಳು ನಮ್ಮ ಆಯಿಯಂದಿರಿಗೆ ಗೊತ್ತಿದ್ದವೇ. ಹಾಲನ್ನು ಚೆನ್ನಾಗಿ ಕಾಯಿಸಿ, ಬೆರಳಿಗೆ ಉಗುರುಬೆಚ್ಚಗೆನಿಸುವಷ್ಟು ಆರಿಸಿ, ಬೇಸಿಗೆಯಲ್ಲಿ ಹೆಪ್ಪನ್ನು ಕಡಿಮೆ ಮಾಡಬೇಕು. ಆ ಹೆಪ್ಪೂ ಹುಳಿಯೇರಿದ್ದಾಗಿರದೆ ಹಿಂದಿನ ದಿನದ ಸಿಹಿ ಮೊಸರಿನದಾಗಿರಬೇಕು. ಹೆಪ್ಪುಗಟ್ಟಿದ ಕೂಡಲೇ ಫ್ರಿಜ್ಜಿಗೆ ಸೇರಿಸಿದರೆ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗುತ್ತದೆ. ಕೂಸಿಗೆಂದು ಒಂದು ಚಿಕ್ಕ ಬಟ್ಟಲಿನಲ್ಲಿ ಬೇರೆಯಾಗಿಯೇ ಹೆಪ್ಪು ಹಾಕಿದರೆ ಇನ್ನೂ ಅನುಕೂಲ. ಬಾದಾಮಿಯ ಬನಶಂಕರಿಯಲ್ಲಿ ಹೆಣ್ಣುಮಕ್ಕಳು ರೊಟ್ಟಿಬುಟ್ಟಿಯ ಜೊತೆ ಮಣ್ಣಿನ ಪುಟ್ಟ ಗಡಿಗೆಗಳಲ್ಲಿ ಮಾರುವ ಗಟ್ಟಿ ಮೊಸರನ್ನು ಉಂಡವರಿಗೆ ಮಣ್ಣಿನ ಗುಣ ಗೊತ್ತು: ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ, ಮೊಸರು ತಂಪಾಗಿಯೂ ಗಟ್ಟಿಯಾಗಿಯೂ ಉಳಿಯುತ್ತದೆ. ಫ್ರಿಜ್ಜಿಲ್ಲದ ಮನೆಯಲ್ಲಿ, ಪ್ರತಿ ಸಲವೂ ಕುದಿನೀರಿನಿಂದ ತೊಳೆದು ಬಿಸಿಲಿಗೆ ಒಣಗಿಸಿದ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿಟ್ಟರೆ ಇದೇ ಕೆಲಸವಾಗುತ್ತದೆ.

ಇಷ್ಟಾದ ಮೇಲೂ ಮಗು ಮೊದಲ ದಿನ ಒಲ್ಲೆನ್ನಬಹುದು. ತಾಯಿಯ ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು 7 ಗ್ರಾಂ ಲ್ಯಾಕ್ಟೋಸ್ ಇರುವುದರಿಂದ ಮಗುವಿಗೆ ಪರಿಚಯವಿರುವ ರುಚಿ ಸಿಹಿಯದು. ಹುಳಿಯನ್ನು ಅದು ಕಲಿಯಬೇಕು, ಆ ಕಲಿಕೆಗೆ ಎಂಟು ಹತ್ತು ಸಲವಾದರೂ ಬಲವಂತವಿಲ್ಲದೆ ಬಾಯಿಗೆ ತೋರಿಸಬೇಕಾಗುತ್ತದೆ. ಮೆತ್ತಗೆ ಬೇಯಿಸಿದ ಜೋಳದ ನುಚ್ಚಿನಲ್ಲಿ ಕಲಸಿದ ಮೊಸರು, ಕಿವುಚಿದ ಬಾಳೆಹಣ್ಣು ಅಥವಾ ಮಾಗಿದ ಚಿಕ್ಕು ಬೆರೆಸಿದ ಮೊಸರು ಬೇಗ ಒಗ್ಗುತ್ತದೆ. ವಿಜಯಪುರದ ದ್ರಾಕ್ಷಿಯನ್ನು ಹಾಕುವವರು ಮಾತ್ರ ಬೀಜ ತೆಗೆದು, ಉದ್ದಕ್ಕೆ ನಾಲ್ಕು ಸೀಳು ಮಾಡಿಯೇ ಹಾಕಬೇಕು, ಏಕೆಂದರೆ ಇಡೀ ದ್ರಾಕ್ಷಿ ಎಳೆಯ ಗಂಟಲಿಗೆ ಸಿಕ್ಕಿಕೊಳ್ಳುವಷ್ಟೇ ಗಾತ್ರದ್ದು.