ಶುಗರ್ ಬಂದ ಮುದಿ ಬೆಕ್ಕಿಗೆ ರಾಗಿ ಅಂಬಲಿ ಏಕೆ ಸಲ್ಲದು

ನಮ್ಮ ಮನೆಯ ಕರಿಯನಿಗೆ ಹದಿಮೂರು ತುಂಬಿದ ಬೇಸಿಗೆಯಲ್ಲಿ, ಅವನು ದಿನವೂ ಮೂತ್ರ ಮಾಡುತ್ತಿದ್ದ ದಾಸವಾಳದ ಗಿಡದ ಬುಡಕ್ಕೆ ಇರುವೆಗಳು ಸಾಲುಗಟ್ಟಿದವು. ಅದೇ ದಿನಗಳಲ್ಲಿ ಅವನ ನಡಿಗೆಯೂ ಬದಲಾಗಿತ್ತು. ಬೆರಳುಗಳ ಮೇಲೆ ಸದ್ದಿಲ್ಲದೆ ನಡೆಯಬೇಕಾದ ಪ್ರಾಣಿ ಹಿಂಗಾಲುಗಳನ್ನು ಹಿಮ್ಮಡಿಯವರೆಗೂ ನೆಲಕ್ಕೂರಿ, ಮೊಲದಂತೆ ಕುಸಿದು ಹೆಜ್ಜೆ ಹಾಕುತ್ತಿತ್ತು. ರಕ್ತದಲ್ಲಿ ಬಹುಕಾಲ ಏರಿದ ಸಕ್ಕರೆ ಕಾಲಿನ ನರಗಳನ್ನು ಕೆಡಿಸಿದಾಗ ಕೆಲವು ಬೆಕ್ಕುಗಳು ಹೀಗೆ ನಡೆಯುತ್ತವೆ. ಮಧುಮೇಹವೂ ಸೇರುವ ಪ್ರಮೇಹವೆಂಬ ಕಾಯಿಲೆಗಳ ಮುನ್ಸೂಚನೆಯಾಗಿ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆಯೇ ಹೇಳಿದೆ. ಆ ಲಕ್ಷಣ ಬೆಕ್ಕಿಗೂ ಅನ್ವಯಿಸೀತೆಂದು ನಮಗೆ ಹೊಳೆಯಲು ಮೂರು ವಾರ ಬೇಕಾಯಿತು. ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ಬೆಕ್ಕಿನ ಸಕ್ಕರೆ ಆರೋಗ್ಯವಿದ್ದರೂ ಏರುತ್ತದೆಯಾದ್ದರಿಂದ, ಪಶುವೈದ್ಯರು ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ಸೂಚಿಸುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸಿ ಮಧುಮೇಹವನ್ನು ಖಚಿತಪಡಿಸಿದರು.

ಆ ಸಂಜೆಯೇ ಪಕ್ಕದ ಮನೆಯ ಅಜ್ಜಿ ಬಂದು, "ಅನ್ನ ಬಿಡಿಸಿಬಿಡಿ, ರಾಗಿ ಅಂಬಲಿ ಹಾಕಿ. ಶನಿವಾರ ಶನಿವಾರ ಒಪ್ಪೊತ್ತು ಮಾಡಿಸಿ. ನಮ್ಮ ಯಜಮಾನರಿಗೆ ಅದರಿಂದಲೇ ಹತೋಟಿಗೆ ಬಂತು" ಎಂದರು. ಅವರ ಕಾಳಜಿ ನಿಜವಾದದ್ದು. ಆದರೆ ಈ ಎರಡು ಸಲಹೆಗಳಲ್ಲಿ ಮೊದಲನೆಯದು ಬೆಕ್ಕಿನ ಕಾಯಿಲೆಯನ್ನು ಹೆಚ್ಚಿಸುತ್ತದೆ, ಎರಡನೆಯದು ಅದರ ಜೀವವನ್ನೇ ತೆಗೆಯಬಹುದು. ಮನುಷ್ಯನ ಪಥ್ಯವನ್ನು ಅಳತೆ ತಗ್ಗಿಸಿ ಬೆಕ್ಕಿನ ಬಟ್ಟಲಿಗೆ ಹಾಕಿದರಾಯಿತು ಎಂಬ ನಂಬಿಕೆ ಎಷ್ಟು ವ್ಯಾಪಕವೋ ಅಷ್ಟೇ ಅಪಾಯಕಾರಿ. ಇದಕ್ಕೆ ಕಾರಣ ಬೆಕ್ಕಿನ ಯಕೃತ್ತಿನೊಳಗೆ ಇದೆ.

ನಮ್ಮ ಕಡೆಯ ಹಳೆಯ ಕೆರೆಗಳನ್ನು ನೆನಪಿಸಿಕೊಳ್ಳಿ. ಪ್ರತಿ ಕೆರೆಗೂ ಒಂದು ತೂಬು, ಒಂದು ಕೋಡಿ ಇರುತ್ತವೆ. ತೂಬು ಚಿಕ್ಕದು, ಕೆರೆಯಲ್ಲಿ ನೀರು ಕಡಿಮೆಯಿದ್ದಾಗಲೂ ಹರಿಯುತ್ತದೆ, ಆದರೆ ಮಳೆ ಎಷ್ಟೇ ಸುರಿದರೂ ತನ್ನ ಅಳತೆಯನ್ನು ಮೀರಿ ಬಿಡಲಾರದು. ಹೆಚ್ಚುವರಿ ನೀರನ್ನು ಸಾಗಿಸುವುದು ಕೋಡಿ. ಗ್ಲೂಕೋಸನ್ನು ಜೀವಕೋಶದೊಳಗೆ ಹಿಡಿದು ಕೆಲಸಕ್ಕೆ ಹಚ್ಚುವ ಕಿಣ್ವಗಳಲ್ಲಿಯೂ ಇಂಥ ಎರಡು ಬಗೆಗಳಿವೆ. ಹೆಕ್ಸೊಕೈನೇಸ್ ಎಂಬುದು ತೂಬು: ಸಕ್ಕರೆ ಅತ್ಯಲ್ಪವಿದ್ದಾಗಲೂ ದುಡಿಯುತ್ತದೆ, ಬೇಗನೆ ತನ್ನ ಮಿತಿಯನ್ನು ಮುಟ್ಟುತ್ತದೆ. ಗ್ಲುಕೋಕೈನೇಸ್ ಎಂಬುದು ಕೋಡಿ: ಊಟದ ನಂತರ ಸಕ್ಕರೆ ಏರಿದಷ್ಟೂ ಅದರ ವೇಗ ಏರುತ್ತದೆ. ಮನುಷ್ಯನ ಯಕೃತ್ತಿನಲ್ಲಿ ಇವೆರಡೂ ಇವೆ. ಬೆಕ್ಕಿನ ಯಕೃತ್ತಿನಲ್ಲಿ ಗ್ಲುಕೋಕೈನೇಸ್‌ನ ಚಟುವಟಿಕೆ ಇಲ್ಲವೆನ್ನುವಷ್ಟು ಕಡಿಮೆ. ಮದುವೆ ಮನೆಯ ಹೋಲಿಕೆಯಲ್ಲಿ ಹೇಳುವುದಾದರೆ, ನೆಂಟರು ಹೆಚ್ಚಿದಂತೆ ಮತ್ತೊಂದು ಪಂಕ್ತಿಗೆ ಎಲೆ ಹಾಸುವ ಉಸ್ತುವಾರಿ ನಮ್ಮ ಯಕೃತ್ತಿನಲ್ಲಿದ್ದಾನೆ. ಬೆಕ್ಕಿನಲ್ಲಿ ಇರುವುದು ಒಂದೇ ಪಂಕ್ತಿ, ಉಳಿದವರು ಹೊರಗೆ ಚಪ್ಪರದಡಿ ಕಾಯಬೇಕು. ರಕ್ತದಲ್ಲಿ ಗಂಟೆಗಟ್ಟಲೆ ಉಳಿಯುವ ಸಕ್ಕರೆಯೇ ಹೀಗೆ ಕಾಯುತ್ತಿರುವ ನೆಂಟರು. ಇನ್ಸುಲಿನ್ ಸರಿಯಾಗಿದ್ದರೆ ಸ್ನಾಯುವೂ ಕೊಬ್ಬಿನ ಕೋಶಗಳೂ ಇವರನ್ನು ಹೇಗೋ ಸಂಭಾಳಿಸುತ್ತವೆ, ಆದ್ದರಿಂದಲೇ ಆರೋಗ್ಯವಾಗಿರುವ ಬೆಕ್ಕು ಒಂದಿಷ್ಟು ಅನ್ನ ತಿಂದರೂ ಕೆಡುವುದಿಲ್ಲ. ಇನ್ಸುಲಿನ್ ಸೋತಾಗ ಉಳಿಯುವ ಕೋಡಿ ಮೂತ್ರಪಿಂಡವೊಂದೇ. ಸಕ್ಕರೆ ಒಂದು ಡೆಸಿಲೀಟರ್ ರಕ್ತಕ್ಕೆ 250ರಿಂದ 300 ಮಿಲಿಗ್ರಾಂ ದಾಟಿದಾಗ ಅದು ಮೂತ್ರಕ್ಕೆ ತುಳುಕುತ್ತದೆ, ತನ್ನೊಂದಿಗೆ ನೀರನ್ನೂ ಎಳೆದೊಯ್ಯುತ್ತದೆ, ಬೆಕ್ಕು ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿಯಲು ಶುರುಮಾಡುತ್ತದೆ. ದಾಸವಾಳದ ಬುಡಕ್ಕೆ ಇರುವೆ ಬಂದದ್ದು ಈ ದಾರಿಯಿಂದ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮನುಷ್ಯನಿಗೆ ಪ್ರೋಟೀನ್ ಸಾಲದಾದಾಗ ಯಕೃತ್ತು ಅದನ್ನು ಒಡೆಯುವ ಕೆಲಸವನ್ನು ತಗ್ಗಿಸುತ್ತದೆ; ಬೆಕ್ಕಿನ ಯಕೃತ್ತಿಗೆ ಹಾಗೆ ತಗ್ಗಿಸುವ ಶಕ್ತಿ ಬಹಳ ಕಡಿಮೆ. ಮಾಂಸದಿಂದ ಬಂದ ಅಮೈನೋ ಆಮ್ಲಗಳನ್ನು ಸಕ್ಕರೆಯಾಗಿ ಮಾರ್ಪಡಿಸುವ ಗಾಣ ಅದರಲ್ಲಿ ಹಗಲಿರುಳೂ ತಿರುಗುತ್ತಿರುತ್ತದೆ. ಕಾಳು ಹಾಕದಿದ್ದರೆ ಈ ಗಾಣ ನಿಲ್ಲುವುದಿಲ್ಲ, ತನ್ನ ಮರದ ಒರಳನ್ನೇ ಅರೆಯತೊಡಗುತ್ತದೆ. ಮುದಿ ಬೆಕ್ಕಿನ ಬೆನ್ನುಮೂಳೆ ಕೈಗೆ ಒಂದೊಂದಾಗಿ ಸಿಗುವಂತೆ ಮಾಂಸಖಂಡ ಕರಗಿರುವುದಕ್ಕೆ ಇದೂ ಒಂದು ಕಾರಣ. ಉಪಮೆಗಳು ಒಂದರ ಮೇಲೊಂದು ಬಿದ್ದವೆಂದು ಬಲ್ಲೆ, ಆದರೆ ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಕಾಡಾಡಿ ಬೆಕ್ಕುಗಳು ಏನು ತಿನ್ನುತ್ತವೆ ಎಂಬ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಲೆಕ್ಕವೊಂದರ ಪ್ರಕಾರ, ಅವುಗಳ ಆಹಾರದ ಶಕ್ತಿಯಲ್ಲಿ ಸುಮಾರು ಶೇ. 52 ಪ್ರೋಟೀನಿನಿಂದ, ಶೇ. 46 ಕೊಬ್ಬಿನಿಂದ ಬರುತ್ತದೆ. ಪಿಷ್ಟ ಮತ್ತು ಸಕ್ಕರೆಯ ಪಾಲು ಕೇವಲ ಶೇ. 2. ನೂರು ಗ್ರಾಂ ರಾಗಿಯಲ್ಲಾದರೋ ಮೂರನೇ ಎರಡು ಭಾಗದಷ್ಟು ಕಾರ್ಬೋಹೈಡ್ರೇಟ್ ಇದೆ. ರಾಗಿಯ ಹೆಗ್ಗಳಿಕೆಯೆಲ್ಲ ಅನ್ನದ ಬದಲು ಅದನ್ನು ಉಣ್ಣುವ ಮನುಷ್ಯನಿಗೆ ಸಂಬಂಧಿಸಿದ್ದು; ಬೆಕ್ಕಿನ ಎದುರು ರಾಗಿಯೂ ಅನ್ನವೂ ಒಂದೇ ಗೋತ್ರದವು.

ಅಂದಮೇಲೆ ಬಟ್ಟಲಿಗೆ ಏನು ಹಾಕಬೇಕು? ಪ್ರೋಟೀನ್ ಹೆಚ್ಚು, ಕಾರ್ಬೋಹೈಡ್ರೇಟ್ ಅತಿ ಕಡಿಮೆ ಇರುವ ಆಹಾರವನ್ನು. ಕಾರ್ಬೋಹೈಡ್ರೇಟಿನಿಂದ ಬರುವ ಶಕ್ತಿ ಒಟ್ಟಿನ ಶೇ. 12ನ್ನು ಮೀರದಿರಲಿ ಎಂಬುದು ಸಾಮಾನ್ಯವಾಗಿ ಕೊಡುವ ಸಲಹೆ. ತೊಡಕೆಂದರೆ, ಅಂಗಡಿಯ ಪೊಟ್ಟಣಗಳ ಮೇಲೆ ಈ ಅಂಕಿಯನ್ನು ಸಾಮಾನ್ಯವಾಗಿ ಮುದ್ರಿಸಿರುವುದೇ ಇಲ್ಲ. ನಾವೇ ಕಳೆದು ಹುಡುಕಬೇಕು. ಒಣ ಕಾಳಿನ, ಅಂದರೆ ಕಾಳಿನಾಕಾರದ ಒಣ ಬೆಕ್ಕಿನ ಆಹಾರದ, ಒಂದು ಪೊಟ್ಟಣದ ಹಿಂಬದಿಯಲ್ಲಿ ಪ್ರೋಟೀನ್ 32, ಕೊಬ್ಬು 12, ನಾರು 4, ತೇವಾಂಶ 10 ಎಂದಿದೆ ಎನ್ನಿ. ಬೂದಿಯ (ಖನಿಜಗಳ) ಅಂಶವನ್ನು ಹೇಳದಿದ್ದರೆ 8 ಎಂದು ಹಿಡಿಯಬಹುದು. ಎಲ್ಲವನ್ನೂ ಕೂಡಿದರೆ 66. ನೂರಕ್ಕೆ ಉಳಿದ 34 ಗ್ರಾಂ ಕಾರ್ಬೋಹೈಡ್ರೇಟ್. ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟಿಗೆ ಗ್ರಾಮಿಗೆ 3.5, ಕೊಬ್ಬಿಗೆ 8.5 ಕಿಲೋಕ್ಯಾಲರಿಯಂತೆ ಲೆಕ್ಕ ಹಾಕಿದರೆ ಒಟ್ಟು 333ರಲ್ಲಿ 119, ಅಂದರೆ ಸುಮಾರು ಶೇ. 36 ಶಕ್ತಿ ಅದರಿಂದಲೇ ಬಂತು. ಪ್ರೋಟೀನ್ 11, ಕೊಬ್ಬು 5, ನಾರು 0.5, ಬೂದಿ 2, ತೇವಾಂಶ 80 ಇರುವ ಹಸಿ ಆಹಾರದ ಪೌಚಿನಲ್ಲಿ ಇದೇ ಲೆಕ್ಕ ಶೇ. 6ರ ಆಸುಪಾಸಿಗೆ ಇಳಿಯುತ್ತದೆ. ಪೌಚುಗಳಲ್ಲಿಯೂ ಗಟ್ಟಿ ರಸದಲ್ಲಿ ಮುಳುಗಿದ ತುಂಡುಗಳ ಬಗೆಗೆ ಎಚ್ಚರವಿರಲಿ. ಆ ರಸವನ್ನು ಗಟ್ಟಿ ಮಾಡುವುದು ಬಹುತೇಕ ಪಿಷ್ಟವೇ.

ಒಣ ಕಾಳಿನಲ್ಲಿ ಇಷ್ಟು ಪಿಷ್ಟ ಏಕಿದೆ ಎಂಬುದಕ್ಕೆ ಬೆಕ್ಕಿನ ಅಗತ್ಯ ಕಾರಣವಲ್ಲ, ಕಾರ್ಖಾನೆಯ ಅಗತ್ಯ ಕಾರಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ತವರಕ್ಕೆ ಕೊರತೆ ಬಿದ್ದು, ಡಬ್ಬಿ ಆಹಾರದ ಜಾಗವನ್ನು ಒಣ ಆಹಾರ ಹಿಡಿಯಿತು. 1950ರ ದಶಕದಲ್ಲಿ, ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಅಚ್ಚಿನಿಂದ ನೂಕಿ ಉಬ್ಬಿಸುವ ಯಂತ್ರ ನಾಯಿಯ ಆಹಾರಕ್ಕೆ ಬಂತು, ಆಮೇಲೆ ಬೆಕ್ಕಿನ ಆಹಾರಕ್ಕೂ ಅದೇ ಆಯಿತು. ಚಕ್ಕುಲಿ ಒತ್ತಿದವರಿಗೆ ಗೊತ್ತು, ಹಿಟ್ಟಿನಲ್ಲಿ ಅಂಟಿಲ್ಲದಿದ್ದರೆ ಸುತ್ತು ನಿಲ್ಲುವುದಿಲ್ಲ. ಒಣ ಕಾಳಿಗೆ ಆ ಅಂಟು ಪಿಷ್ಟವೇ. ಹಾಗೆಂದು ಒಣ ಕಾಳೇ ಬೆಕ್ಕಿಗೆ ಮಧುಮೇಹ ತರುತ್ತದೆ ಎಂದು ಹೇಳುವವರ ಜೊತೆ ನಾನಿಲ್ಲ. ಮುಖ್ಯ ಅಪರಾಧಿಗಳು ಬೊಜ್ಜು, ಮನೆಯೊಳಗಿನ ಆಲಸ್ಯ ಮತ್ತು ವಯಸ್ಸು. ಬೀಜ ತೆಗೆಸಿದ ಗಂಡುಬೆಕ್ಕುಗಳಲ್ಲಿ ಕಾಯಿಲೆ ಹೆಚ್ಚು, ಸ್ಟೀರಾಯ್ಡ್ ಔಷಧಗಳೂ ಅದನ್ನು ಕರೆತರಬಲ್ಲವು. ರೋಗ ಬಂದ ಮೇಲಿನ ಮಾತು ಬೇರೆ.

ಇನ್ನು ಒಪ್ಪೊತ್ತಿನ ವಿಚಾರ. ಸಕ್ಕರೆ ಕಾಯಿಲೆಗೆ ಉಪವಾಸವೇ ಮದ್ದು ಎಂಬ ಆಲೋಚನೆ ಅಜ್ಜಿಯೊಬ್ಬರದಲ್ಲ. 1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದು, ಅದಕ್ಕೆ ಮಧುಮೇಹ ಬರುವುದನ್ನು ತೋರಿಸಿದರು. ಅಲ್ಲಿಂದ 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಗುವವರೆಗಿನ ದಿನಗಳಲ್ಲಿ, ಅಮೆರಿಕದ ವೈದ್ಯ ಫ್ರೆಡೆರಿಕ್ ಅಲೆನ್ ತಮ್ಮ ರೋಗಿಗಳನ್ನು ಹಸಿವಿನಲ್ಲಿಟ್ಟೇ ಕೆಲವು ತಿಂಗಳು ಬದುಕಿಸುತ್ತಿದ್ದರು. ಮನುಷ್ಯ ಅದನ್ನು ಸ್ವಲ್ಪ ಕಾಲ ತಡೆದುಕೊಳ್ಳಬಲ್ಲ, ಬೆಕ್ಕು ತಡೆಯಲಾರದು. ಎರಡು ಮೂರು ದಿನ ಹೊಟ್ಟೆಗೆ ಬೀಳದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗುತ್ತದೆ, ಯಕೃತ್ತು ಅದನ್ನು ಸಾಗಹಾಕಲಾರದೆ ತಾನೇ ಕೊಬ್ಬಿನ ಮುದ್ದೆಯಾಗುತ್ತದೆ. ದಪ್ಪ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಹೊಸ ಆಹಾರವನ್ನು ಮೂಸಿ ನೋಡಿ ತಿರುಗಿಹೋದ ಬೆಕ್ಕಿಗೆ, ಹಸಿದರೆ ತಾನೇ ತಿನ್ನುತ್ತದೆ ಎಂದು ಹಟ ಹಿಡಿಯಬಾರದು. ಮುದಿತನದಲ್ಲಿ ಮೂಗು ಮಂಕಾಗಿರುತ್ತದೆ, ಹಲ್ಲು ನೋಯುತ್ತಿರಬಹುದು. ಫ್ರಿಜ್ಜಿನಿಂದ ತೆಗೆದದ್ದನ್ನು ಬಿಸಿನೀರಿನ ಬಟ್ಟಲಿನಲ್ಲಿಟ್ಟು ಮೈಬಿಸಿಯಷ್ಟು ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ. ಕರಿಯ ಮೊದಲ ವಾರ ಪೌಚನ್ನು ಮುಟ್ಟಲಿಲ್ಲ. ಮೇಲೆ ಹಳೆಯ ಕಾಳನ್ನು ಒರಳಿನಲ್ಲಿ ಪುಡಿ ಮಾಡಿ ಉದುರಿಸಿ, ದಿನಕ್ಕೊಂದು ಚಿಟಿಕೆ ಕಡಿಮೆ ಮಾಡುತ್ತ ಬಂದೆವು.

ಮನೆಯಲ್ಲೇ ಕೋಳಿ ಬೇಯಿಸಿ ಹಾಕುತ್ತೇವೆ ಎನ್ನುವವರಿಗೆ ಎರಡು ಮಾತು. ಬರಿಯ ಮಾಂಸದಲ್ಲಿ ಸುಣ್ಣದಂಶ ಸಾಲದು. ಬೆಕ್ಕಿಗೆ ಆಹಾರದಿಂದಲೇ ದೊರೆಯಬೇಕಾದ ಟಾರಿನ್ ಎಂಬ ವಸ್ತು ಬೇಯಿಸಿದ ನೀರಿಗೆ ಇಳಿದುಹೋಗುತ್ತದೆ. ಅದರ ಕೊರತೆ ಕಣ್ಣಿನ ಅಕ್ಷಿಪಟಲವನ್ನು ಕೆಡಿಸುತ್ತದೆಂದು 1975ರಲ್ಲಿಯೂ, ಹೃದಯವನ್ನು ಹಿಗ್ಗಿಸುತ್ತದೆಂದು 1987ರಲ್ಲಿಯೂ ತಿಳಿದುಬಂತು. ಆದ್ದರಿಂದ ಪಶುವೈದ್ಯರು ಹೇಳಿದ ಪೂರಕಗಳಿಲ್ಲದೆ ಇದನ್ನು ನಿತ್ಯದ ಊಟ ಮಾಡಬಾರದು. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರಿನ ಮಾಂಸವಂತೂ ವಿಷವೇ. ಮುದಿ ಬೆಕ್ಕಿನ ಮೂತ್ರಪಿಂಡ ಸೊರಗಿದ್ದರೆ ಪ್ರೋಟೀನ್ ಮತ್ತು ರಂಜಕದ ಅಳತೆ ಬೇರೆಯಾಗುತ್ತದೆ, ಎರಡು ಪಥ್ಯಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಆಗ ರಕ್ತಪರೀಕ್ಷೆಯ ವರದಿ ಮುಂದಿಟ್ಟುಕೊಂಡು ವೈದ್ಯರೇ ತೀರ್ಮಾನಿಸಬೇಕು.

ಆಹಾರ ಬದಲಿಸುವ ಮುನ್ನ ಅವರಿಗೆ ತಿಳಿಸಲೇಬೇಕಾದ ಇನ್ನೊಂದು ಕಾರಣವಿದೆ. ಪಿಷ್ಟ ತಗ್ಗಿದ ಕೆಲವೇ ದಿನಗಳಲ್ಲಿ ಬೆಕ್ಕಿಗೆ ಬೇಕಾಗುವ ಇನ್ಸುಲಿನ್ ಬಹಳ ತಗ್ಗಬಹುದು. ಹಳೆಯ ಪ್ರಮಾಣವನ್ನೇ ಚುಚ್ಚುತ್ತ ಹೋದರೆ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಸಿರಿಂಜಿನ ಗೊಂದಲವೂ ಸೇರುತ್ತದೆ. ಔಷಧದಂಗಡಿಯಲ್ಲಿ ಸಿಗುವ ಅನೇಕ ಇನ್ಸುಲಿನ್ ಸೀಸೆಗಳು ಮಿಲಿಲೀಟರಿಗೆ 40 ಯೂನಿಟ್ಟಿನವು, ಬೆಕ್ಕುಗಳಿಗೆ ಹೆಚ್ಚಾಗಿ ಬರೆದುಕೊಡುವ ಗ್ಲಾರ್ಜಿನ್ ಎಂಬ ಇನ್ಸುಲಿನ್ 100ರದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ 40ರ ಸಿರಿಂಜಿನಲ್ಲಿ ಎಳೆದರೆ ಒಂದು ಗೆರೆಗೆ ಎರಡೂವರೆ ಯೂನಿಟ್ ಒಳಹೋಗುತ್ತದೆ. ಅಂಗಡಿಯೊಂದರಲ್ಲಿ ನಮ್ಮ ಕೈಗೂ ಆ ತಪ್ಪು ಸಿರಿಂಜನ್ನೇ ಇಟ್ಟಿದ್ದರು. ಮುಚ್ಚಳದ ಬಣ್ಣ ನೋಡಿ ಹಿಂದಿರುಗಿಸಿದೆವು.

ಸಕ್ಕರೆ ಕುಸಿದ ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಕೆಲವೊಮ್ಮೆ ಸೆಳವಿಗೆ ಸಿಲುಕುತ್ತದೆ. ತಿನ್ನುವ ಸ್ಥಿತಿಯಲ್ಲಿದ್ದರೆ ಕೂಡಲೇ ಆಹಾರ ಕೊಡಬೇಕು. ಇಲ್ಲವಾದರೆ ಬಾಯಿಗೆ ಏನನ್ನೂ ಸುರಿಯದೆ, ವಸಡಿಗೆ ಜೇನುತುಪ್ಪ ಅಥವಾ ಗ್ಲೂಕೋಸ್ ನೀರನ್ನು ಸವರಿ ಆಸ್ಪತ್ರೆಗೆ ಓಡಬೇಕು. ಸಿಹಿಯನ್ನು ಗುರುತಿಸುವ ಗ್ರಾಹಕದ ಒಂದು ಜೀನ್ ಬೆಕ್ಕಿನ ಕುಲದಲ್ಲಿ ಕೆಟ್ಟುಹೋಗಿದೆ ಎಂದು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ತೋರಿಸಿದರು, ಆದ್ದರಿಂದ ಆ ಜೇನಿನ ಸಿಹಿ ಬೆಕ್ಕಿಗೆ ತಿಳಿಯುವುದಿಲ್ಲ. ಹಾಲಿನ ತಟ್ಟೆಗೆ ಅದು ಓಡಿ ಬರುವುದೂ ಸಿಹಿಗಾಗಿ ಅಲ್ಲ.

ಬೇಗ ಚಿಕಿತ್ಸೆ ಸಿಕ್ಕ ಬೆಕ್ಕುಗಳಲ್ಲಿ ಸಾಕಷ್ಟು, ಸಕ್ಕರೆಯ ಭಾರ ಇಳಿದು ಇನ್ಸುಲಿನ್ ಒಸರುವ ಮೇದೋಜೀರಕ ಗ್ರಂಥಿಗೆ ವಿರಾಮ ದೊರೆತ ಮೇಲೆ, ಇನ್ಸುಲಿನ್ನೇ ಬೇಡವಾಗುವ ಸ್ಥಿತಿಗೆ ಮರಳುತ್ತವೆ; ನಾಯಿಗಳಲ್ಲಿ ಇದು ಅಪರೂಪ. ಕರಿಯನಿಗೆ ಐದನೆಯ ತಿಂಗಳಿನಲ್ಲಿ ಸೂಜಿ ನಿಂತಿತು, ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿತು. ಕಾಯಿಲೆ ಮರುಕಳಿಸಬಹುದಾದ್ದರಿಂದ ಪ್ರತಿ ಭಾನುವಾರ ಅವನನ್ನು ಎತ್ತಿಕೊಂಡು ತಕ್ಕಡಿ ಹತ್ತುತ್ತೇನೆ, ನನ್ನ ತೂಕ ಕಳೆದು ಅವನದನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆಯುತ್ತೇನೆ. ದಾಸವಾಳದ ಬುಡವನ್ನೂ ಒಮ್ಮೆ ಬಗ್ಗಿ ನೋಡುತ್ತೇನೆ.