ಸಿನ್ಸಿನಾಟಿ ಮೇಯರ್‌ಗೆ ಲೆಟರ್ ಬರೆದ್ರೆ ಪ್ರಾಪರ್ಟಿ ಟ್ಯಾಕ್ಸ್ ಕಮ್ಮಿ ಆಗುತ್ತಾ?

ಪ್ರಶ್ನೆ: ನಮ್ಮ ಮೇಯರ್ ಅಫ್ತಾಬ್ ಪುರೆವಾಲ್ ಭಾರತ ಮೂಲದವರೇ ಅಲ್ವಾ, ಇಲ್ಲಿ ಒಹಾಯೋದ ಸಿನ್ಸಿನಾಟಿಯಲ್ಲಿರೋ ಕನ್ನಡಿಗರೆಲ್ಲ ಸಹಿ ಹಾಕಿ ಒಂದು ಲೆಟರ್ ಕೊಟ್ರೆ ಪ್ರಾಪರ್ಟಿ ಟ್ಯಾಕ್ಸು, ಸ್ಕೂಲು, ರೋಡು ಇವಕ್ಕೆಲ್ಲ ಏನಾದ್ರೂ ಮಾಡ್ತಾರಾ?

ಈ ಪ್ರಶ್ನೆ ಯುಗಾದಿ ಊಟದ ಪಂಕ್ತಿಲೂ ಬರುತ್ತೆ, ರಾಜ್ಯೋತ್ಸವ ಮುಗಿಸಿ ಕಾರ್ ಹತ್ತೋವಾಗ್ಲೂ ಬರುತ್ತೆ, ವಾಟ್ಸಾಪ್ ಗ್ರೂಪಲ್ಲಂತೂ ಟ್ಯಾಕ್ಸ್ ಬಿಲ್ ಬಂದ ವಾರ ತಪ್ಪದೇ ಬರುತ್ತೆ. ಒಬ್ಬರಿಗೆ ಬಿಡಿಸಿ ಹೇಳಿ ಮುಗಿಸೋಷ್ಟರಲ್ಲಿ ಪಕ್ಕದವರು ಅದನ್ನೇ ಮೊದಲಿಂದ ಕೇಳ್ತಾರೆ. ಅದಕ್ಕೇ ಈ ಸಲ ಪೂರ್ತಿ ಬರೆದು ಇಡ್ತಿದೀನಿ, ಮುಂದೆ ಯಾರೇ ಕೇಳಿದ್ರೂ ಇದನ್ನೇ ಕಳಿಸಿ.

ಚುಟುಕಾಗಿ ಉತ್ತರ: ಟ್ಯಾಕ್ಸ್ ವಿಚಾರದಲ್ಲಿ ಇಲ್ಲ. ಸ್ಕೂಲ್ ವಿಚಾರದಲ್ಲೂ ಇಲ್ಲ. ರೋಡ್ ಆದ್ರೆ ಆಗಬಹುದು, ಆದ್ರೆ ಆ ರೋಡ್ ಸಿಟಿದೇ ಆಗಿರಬೇಕು, ಅದಕ್ಕೂ ಮೇಯರ್ ತನಕ ಹೋಗೋ ಅಗತ್ಯ ಇಲ್ಲ, ಸಿಟಿಯ ದೂರು ನಂಬರ್ 311ಕ್ಕೆ ಹೇಳಿದ್ರೆ ಸಾಕು.

ಎಲ್ಲಕ್ಕಿಂತ ಮುಂಚೆ ಒಂದು ವಿಷಯ ನೋಡ್ಕೊಳ್ಳಿ, ನೀವು ನಿಜವಾಗ್ಲೂ ಸಿನ್ಸಿನಾಟಿಯವರಾ? ಲಕೋಟೆ ಮೇಲೆ ಸಿನ್ಸಿನಾಟಿ ಅಂತ ಇದ್ದ ಮಾತ್ರಕ್ಕೆ ಆಗಲ್ಲ. ಬ್ಲೂ ಆಷ್‌ಗೆ ಬರೋ ಪೋಸ್ಟ್ ಮೇಲೂ ಸಿನ್ಸಿನಾಟಿ ಅಂತಲೇ ಇರುತ್ತೆ, ಆದ್ರೆ ಅದು ಬೇರೆ ಸಿಟಿ, ಅದಕ್ಕೆ ಬೇರೆ ಕೌನ್ಸಿಲ್. ಮೇಸನ್ ಸಿಟಿಯೂ ಬೇರೆ, ಕೌಂಟಿಯೂ (ನಮ್ಮ ಕಡೆ ಜಿಲ್ಲೆ ಇದ್ದ ಹಾಗೆ) ಬೇರೆ. ವೆಸ್ಟ್ ಚೆಸ್ಟರ್ ಅಂತೂ ಸಿಟಿನೇ ಅಲ್ಲ, ಬಟ್ಲರ್ ಕೌಂಟಿಯ ಒಂದು ಟೌನ್‌ಶಿಪ್ಪು, ಅಲ್ಲಿ ಮೇಯರ್ ಅನ್ನೋ ಹುದ್ದೆನೇ ಇಲ್ಲ, ಮೂರು ಜನ ಟ್ರಸ್ಟಿಗಳು ಆಡಳಿತ ನಡೆಸ್ತಾರೆ. ನಾರ್ವುಡ್ ಸುತ್ತ ನಾಲ್ಕೂ ಕಡೆ ಸಿನ್ಸಿನಾಟಿನೇ ಇದ್ರೂ ಅದು ಬೇರೆ ಊರು. ಸುತ್ತಲಿನ ಊರುಗಳೆಲ್ಲ ಸೇರಿ ಇಡೀ ಮೆಟ್ರೋ ಪ್ರದೇಶದಲ್ಲಿ 22 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ, 2020ರ ಜನಗಣತಿ ಪ್ರಕಾರ ಸಿಟಿ ಗಡಿಯೊಳಗೆ ಇರೋದು ಸುಮಾರು 3 ಲಕ್ಷದ 9 ಸಾವಿರ. ನಮ್ಮವರು ಜಾಸ್ತಿ ಮನೆ ತಗೊಳ್ಳೋದು ಸ್ಕೂಲ್ ನೋಡ್ಕೊಂಡು ಹೊರಗಿನ ಊರುಗಳಲ್ಲಿ. ಅಂಥವರಿಗೆ ಪುರೆವಾಲ್ ಮೇಯರೇ ಅಲ್ಲ, ಅವರಿಗೆ ಓಟು ಹಾಕೋಕೂ ಬರಲ್ಲ.

ಇಲ್ಲೊಂದು ಬೇಜಾರಿನ ಸಂಗತಿನೂ ಇದೆ. ನಿಮ್ಮ ಆಫೀಸ್ ಡೌನ್‌ಟೌನಲ್ಲಿದ್ರೆ ನೀವು ವೆಸ್ಟ್ ಚೆಸ್ಟರ್‌ನಲ್ಲೇ ಇದ್ರೂ, ಸಿಟಿಯೊಳಗೆ ಕೆಲಸ ಮಾಡಿದ ಸಂಬಳದಲ್ಲಿ 1.8 ಪರ್ಸೆಂಟ್ ಸಿನ್ಸಿನಾಟಿಗೆ ಹೋಗುತ್ತೆ. 2020ಕ್ಕೆ ಮುಂಚೆ 2.1 ಇತ್ತು, ಬಸ್ಸಿಗೆ ಅಂತ ಕೌಂಟಿ ಸೇಲ್ಸ್ ಟ್ಯಾಕ್ಸನ್ನ ಜನ ಒಪ್ಪಿದ ಮೇಲೆ ಇಳೀತು. ಸಿಟಿಯ ದೊಡ್ಡ ಆದಾಯ ಇದೇ, ಪ್ರಾಪರ್ಟಿ ಟ್ಯಾಕ್ಸ್ ಅಲ್ಲ. ಅಂದ್ರೆ ಸಿಟಿಗೆ ದುಡ್ಡು ಕೊಡೋ ಎಷ್ಟೋ ಜನಕ್ಕೆ ಸಿಟಿ ಚುನಾವಣೆಯಲ್ಲಿ ಓಟಿಲ್ಲ. ನನಗಂತೂ ಇದು ಸರಿ ಅನ್ಸಲ್ಲ, ಆದ್ರೆ ಕಾನೂನು ಹಾಗಿದೆ.

ಈಗ ಮುಖ್ಯ ವಿಷಯ. ಮೇಯರ್ ಅಂದ್ರೆ ಊರಿಗೇ ಯಜಮಾನ, ಅವರು ಮನಸ್ಸು ಮಾಡಿದ್ರೆ ಆಗುತ್ತೆ, ಇಲ್ಲಾಂದ್ರೆ ಇಲ್ಲ, ಅನ್ನೋ ನಂಬಿಕೆ ನಮ್ಮವರಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದ್ರೆ ಎಷ್ಟು ಅಲ್ಲಾಡಿಸಿದ್ರೂ ಕದಲಲ್ಲ. ನ್ಯೂಯಾರ್ಕ್, ಶಿಕಾಗೋ ಸುದ್ದಿ ನೋಡಿ ನೋಡಿ ಹಾಗಾಗಿದೆ. ಸಿನ್ಸಿನಾಟಿ ಆ ಥರ ಅಲ್ಲ. ಇಲ್ಲಿ ಆಡಳಿತ ನಡೆಸೋದು ಸಿಟಿ ಮ್ಯಾನೇಜರ್. ಅವರು ಚುನಾವಣೆಗೆ ನಿಂತವರಲ್ಲ, ಕೆಲಸಕ್ಕೆ ತಗೊಂಡವರು. ನಮ್ಮ ಕಡೆ ಪಾಲಿಕೆ ಕಮಿಷನರ್ ಇದ್ದ ಹಾಗೆ ಅಂದ್ಕೊಳ್ಳಿ, ವ್ಯತ್ಯಾಸ ಏನಂದ್ರೆ ಕಮಿಷನರನ್ನ ಮೇಲಿಂದ ರಾಜ್ಯ ಸರ್ಕಾರ ಕಳಿಸುತ್ತೆ, ಇಲ್ಲಿ ಮೇಯರ್ ಹೆಸರು ಸೂಚಿಸ್ತಾರೆ, ಕೌನ್ಸಿಲ್ ಒಪ್ಪಬೇಕು. 2022ರಿಂದ ಆ ಜಾಗದಲ್ಲಿರೋರು ಶೆರಿಲ್ ಲಾಂಗ್. ಬಜೆಟ್ ಕರಡು ಮಾಡೋದು ಮ್ಯಾನೇಜರ್. ಪೊಲೀಸ್ ಮುಖ್ಯಸ್ಥರನ್ನ ನೇಮಿಸೋದು ಮ್ಯಾನೇಜರ್. 2025ರ ಅಕ್ಟೋಬರ್‌ನಲ್ಲಿ ಪೊಲೀಸ್ ಮುಖ್ಯಸ್ಥರನ್ನ ರಜೆ ಮೇಲೆ ಕಳಿಸಿದ್ರಲ್ಲ, ಗ್ರೂಪಲ್ಲಿ ಎಲ್ಲರೂ ಮೇಯರ್ ಕಳಿಸಿದ್ರು ಮೇಯರ್ ಕಳಿಸಿದ್ರು ಅಂತ ಬರೆದ್ರು, ಆದೇಶ ಹೊರಟಿದ್ದು ಮ್ಯಾನೇಜರ್ ಕೈಯಿಂದ.

ಹಾಗಾದ್ರೆ ಮೇಯರ್‌ಗೆ ಏನೂ ಅಧಿಕಾರ ಇಲ್ವಾ ಅಂದ್ರೆ, ಇದೆ. ಕೌನ್ಸಿಲ್ ಸಭೆ ನಡೆಸ್ತಾರೆ, ಕಮಿಟಿಗಳಿಗೆ ಅಧ್ಯಕ್ಷರನ್ನ ಹಾಕ್ತಾರೆ, ಯಾವ ಮಸೂದೆ ಯಾವ ಕಮಿಟಿಗೆ ಅಂತ ಕಳಿಸ್ತಾರೆ, ಕೌನ್ಸಿಲ್ ಪಾಸ್ ಮಾಡಿದ್ದನ್ನ ವೀಟೋ ಮಾಡಿ ತಡೀಬಹುದು. ಆದ್ರೆ ಕೌನ್ಸಿಲಲ್ಲಿ ಅವರಿಗೆ ಓಟೇ ಇಲ್ಲ, ಮತ್ತೆ ಕೌನ್ಸಿಲಿನ ಒಂಬತ್ತು ಸದಸ್ಯರಲ್ಲಿ ಆರು ಜನ ಒಂದಾದ್ರೆ ವೀಟೋ ಬಿದ್ದುಹೋಗುತ್ತೆ. ಈ ಆರು ಅನ್ನೋ ನಂಬರ್ ನೆನಪಿಟ್ಕೊಳ್ಳಿ.

ನಂಬಿಕೆ ಬರದೇ ಇರೋರಿಗೆ ರೋಡಲ್ಲೇ ಹಳಿ ಮೇಲೆ ಓಡೋ ಸ್ಟ್ರೀಟ್‌ಕಾರ್ ಕಥೆ ಹೇಳ್ತೀನಿ, ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. 2013ರ ನವೆಂಬರ್‌ನಲ್ಲಿ ಜಾನ್ ಕ್ರ್ಯಾನ್ಲಿ ಮೇಯರ್ ಚುನಾವಣೆಗೆ ನಿಂತಿದ್ದೇ ಸ್ಟ್ರೀಟ್‌ಕಾರ್ ಯೋಜನೆ ನಿಲ್ಲಿಸ್ತೀನಿ ಅಂತ. ಎದುರಿಗೆ ನಿಂತಿದ್ದ ರಾಕ್ಸ್ಯಾನ್ ಕ್ವಾಲ್ಸ್ ಯೋಜನೆ ಪರ ಇದ್ರು. ಕ್ರ್ಯಾನ್ಲಿ ಚೆನ್ನಾಗೇ ಗೆದ್ರು. ಡಿಸೆಂಬರ್ ಮೊದಲನೇ ತಾರೀಕು ಅಧಿಕಾರಕ್ಕೆ ಬಂದ್ರು, ಆ ವಾರವೇ ಕೌನ್ಸಿಲ್ ಕೆಲಸ ನಿಲ್ಲಿಸೋಕೆ ಓಟು ಹಾಕ್ತು, 5ಕ್ಕೆ 4. ಆಗಲೇ ರೋಡ್ ಅಗೆದು ಹಳಿ ಹಾಕೋಕೆ ಶುರು ಮಾಡಿದ್ರು, ಬೋಗಿಗಳಿಗೆ ಆರ್ಡರ್ ಹೋಗಿತ್ತು. ಮುಂದೆ ಏನಾಯ್ತು ಅಂದ್ರೆ, ಫೆಡರಲ್ ಸರ್ಕಾರದವರು ಕೆಲಸ ಮುಂದುವರಿಸದೇ ಇದ್ರೆ ನಾವು ಕೊಟ್ಟ ಸುಮಾರು 4.5 ಕೋಟಿ ಡಾಲರ್ ಅನುದಾನ ವಾಪಸ್ ಅಂತ ಗಡುವು ಹಾಕಿದ್ರು, ಆಡಿಟ್ ಮಾಡಿದವರು ಅರ್ಧಕ್ಕೆ ನಿಲ್ಲಿಸಿದ್ರೂ ಮುಗಿಸಿದ್ರೂ ಖರ್ಚಲ್ಲಿ ಅಂಥ ವ್ಯತ್ಯಾಸ ಇಲ್ಲ ಅಂತ ವರದಿ ಕೊಟ್ರು, ಯೋಜನೆ ಬೇಕು ಅನ್ನೋರು ಮೈ ಕೊರೆಯೋ ಚಳಿಯಲ್ಲಿ ಮನೆ ಮನೆ ಸುತ್ತಿ ಸಹಿ ಸಂಗ್ರಹಿಸಿದ್ರು, ಮುಂದೆ ಸ್ಟ್ರೀಟ್‌ಕಾರ್ ಓಡಿಸೋ ಖರ್ಚಿಗೆ ಒಂದು ಪ್ರತಿಷ್ಠಾನ ಜಾಮೀನು ನಿಂತ್ಕೊಳ್ತು. ನಿಲ್ಲಿಸೋಕೆ ಓಟು ಹಾಕಿದ್ದ ಕೌನ್ಸಿಲರ್‌ಗಳಲ್ಲಿ ಡೇವಿಡ್ ಮ್ಯಾನ್, ಕೆವಿನ್ ಫ್ಲಿನ್ ಇಬ್ಬರೂ ಮನಸ್ಸು ಬದಲಾಯಿಸಿದ್ರು. ಡಿಸೆಂಬರ್ 19ಕ್ಕೆ ಮತ್ತೆ ಓಟು, 6ಕ್ಕೆ 3. ಆರು ಆದ್ಮೇಲೆ ಮೇಯರ್ ವೀಟೋ ಮಾಡಿ ಪ್ರಯೋಜನ ಇಲ್ಲ. ಅದೇ ಒಂದು ಭರವಸೆ ಮೇಲೆ ಇಡೀ ಊರಿನ ಓಟು ಗೆದ್ದು ಬಂದ ಮನುಷ್ಯ, ಮೂರು ವಾರದೊಳಗೆ ಪತ್ರಕರ್ತರ ಮುಂದೆ ನಿಂತು ಸ್ಟ್ರೀಟ್‌ಕಾರ್ ಆಗುತ್ತೆ ಅಂತ ಹೇಳ್ಬೇಕಾಯ್ತು. 2016ರ ಸೆಪ್ಟೆಂಬರ್‌ನಲ್ಲಿ ಅದು ಓಡೋಕೆ ಶುರುವಾಯ್ತು. ಇವತ್ತು ನೀವು ಮಕ್ಕಳನ್ನ ಕರ್ಕೊಂಡು ನದಿ ದಡದಿಂದ ಫಿಂಡ್ಲೇ ಮಾರ್ಕೆಟ್‌ಗೆ ಟಿಕೆಟ್ ಇಲ್ಲದೇ ಹೋಗ್ತೀರಲ್ಲ, ಅದೇ ಇದು.

ಅದೇ ಕ್ರ್ಯಾನ್ಲಿ 2018ರ ಮಾರ್ಚ್‌ನಲ್ಲಿ ಮ್ಯಾನೇಜರ್ ಹ್ಯಾರಿ ಬ್ಲ್ಯಾಕ್ ರಾಜೀನಾಮೆ ಕೊಡಬೇಕು ಅಂದ್ರು. ಬ್ಲ್ಯಾಕ್ ಕೊಡಲಿಲ್ಲ. ಐದು ಜನ ಕೌನ್ಸಿಲರ್‌ಗಳು ಮೇಯರ್ ಮಾತಿಗೆ ಒಪ್ಪಲಿಲ್ಲ, ತಮ್ಮ ತಮ್ಮಲ್ಲೇ ಟೆಕ್ಸ್ಟ್ ಮಾಡ್ಕೊಂಡು ತೀರ್ಮಾನ ಮಾಡ್ತಿದ್ರು, ಅದು ಬಹಿರಂಗ ಸಭೆ ಕಾನೂನಿಗೆ ವಿರುದ್ಧ ಅಂತ ಕೋರ್ಟಿಗೆ ಹೋಗಿ ಆಮೇಲೆ ಆ ಮೆಸೇಜುಗಳೆಲ್ಲ ಹೊರಗೆ ಬಂದ್ವು. ಬ್ಲ್ಯಾಕ್ ಹೋಗಿದ್ದು ಏಪ್ರಿಲ್‌ನಲ್ಲಿ, ವಾರಗಟ್ಟಲೆ ಜಗ್ಗಾಟ ಆದ್ಮೇಲೆ. ಯಜಮಾನ ಆಗಿದ್ರೆ ತನ್ನ ಕೈಕೆಳಗಿನವರನ್ನ ಕಳಿಸೋಕೆ ಇಷ್ಟು ಪಾಡು ಪಡಬೇಕಿತ್ತಾ ಹೇಳಿ?

ಇನ್ನೊಂದು, ರೈಲು. ಈ ಊರು 1880ರಿಂದ ಒಂದು ರೈಲ್ವೆ ಲೈನಿಗೇ ಒಡೆಯ ಆಗಿತ್ತು, ಸಿನ್ಸಿನಾಟಿಯಿಂದ ಟೆನೆಸಿಯ ಚಟನೂಗಾ ತನಕ 337 ಮೈಲಿ. ಅದನ್ನ 160 ಕೋಟಿ ಡಾಲರ್‌ಗೆ ನಾರ್ಫೋಕ್ ಸದರ್ನ್ ಕಂಪನಿಗೆ ಮಾರಬೇಕು ಅಂತ ಪುರೆವಾಲ್ ಗಟ್ಟಿಯಾಗಿ ಪ್ರಚಾರ ಮಾಡಿದ್ರು. ಆದ್ರೂ ಅವರ ಸಹಿಯಿಂದ ಮಾರಾಟ ಆಗಲಿಲ್ಲ, ರಾಜ್ಯದ ಕಾನೂನು ತಿದ್ದಬೇಕಾಯ್ತು, 2023ರ ನವೆಂಬರ್‌ನಲ್ಲಿ ಜನರ ಓಟು ಬೇಕಾಯ್ತು, ಅದು ಪಾಸಾಗಿದ್ದೂ ಕಮ್ಮಿ ಅಂತರದಲ್ಲೇ. ಆ ದುಡ್ಡನ್ನೂ ಯಾರೂ ಮನಸ್ಸಿಗೆ ಬಂದ ಹಾಗೆ ಖರ್ಚು ಮಾಡೋ ಹಾಗಿಲ್ಲ, ಅಸಲು ಟ್ರಸ್ಟಲ್ಲಿ ಇರುತ್ತೆ, ಅದರಿಂದ ಬರೋ ಆದಾಯ ಈಗಾಗಲೇ ಇರೋ ರೋಡು, ಪಾರ್ಕು, ಕಟ್ಟಡಗಳ ರಿಪೇರಿಗೆ.

ಪುರೆವಾಲ್ ನಮ್ಮವರು ಅನ್ನೋದರ ಬಗ್ಗೆ: ತಂದೆ ಪಂಜಾಬಿ, ತಾಯಿ ಟಿಬೆಟ್‌ನಿಂದ ಚಿಕ್ಕಂದಿನಲ್ಲೇ ತಪ್ಪಿಸ್ಕೊಂಡು ಬಂದು ದಕ್ಷಿಣ ಭಾರತದ ನಿರಾಶ್ರಿತರ ಶಿಬಿರದಲ್ಲಿ ಬೆಳೆದವರು. ಬೈಲಕುಪ್ಪೆ, ಮುಂಡಗೋಡು ನೋಡಿದವರಿಗೆ ಅಂಥ ಬದುಕು ಹೇಗಿರುತ್ತೆ ಅಂತ ಗೊತ್ತು. ಅಲ್ಲಿಂದ ಬಂದ ತಾಯಿಯ ಮಗ ಒಹಾಯೋದ ದೊಡ್ಡ ಊರೊಂದಕ್ಕೆ 2021ರಲ್ಲಿ ಮೇಯರ್ ಆಗಿ, 2025ರಲ್ಲಿ ಉಪಾಧ್ಯಕ್ಷ ವ್ಯಾನ್ಸ್ ಅವರ ಮಲತಮ್ಮ ಕೋರಿ ಬೌಮನ್ ಎದುರು ಭಾರೀ ಅಂತರದಲ್ಲಿ ಮತ್ತೆ ಗೆದ್ದಿದ್ದು ಹೆಮ್ಮೆಪಡೋ ವಿಷಯನೇ. ಹೆಮ್ಮೆ ಪಡಿ, ಆದ್ರೆ ಆ ಸಂಬಂಧ ಹಿಡ್ಕೊಂಡು ಅವರ ಕೈಯಲ್ಲಿಲ್ಲದ ಕೆಲಸಕ್ಕೆ ಅರ್ಜಿ ಕೊಡಬೇಡಿ.

ಪ್ರಾಪರ್ಟಿ ಟ್ಯಾಕ್ಸ್ ಯಾರ ಕೈಯಲ್ಲಿದೆ ಅಂದ್ರೆ, ಮನೆ ಬೆಲೆ ಕಟ್ಟೋದು ಕೌಂಟಿ ಆಡಿಟರ್, ಅವರೂ ಚುನಾಯಿತರೇ. ಆರು ವರ್ಷಕ್ಕೊಮ್ಮೆ ಪೂರ್ತಿ ಮರುಮೌಲ್ಯಮಾಪನ, ಮಧ್ಯೆ ಮೂರನೇ ವರ್ಷ ಒಂದು ಅಪ್‌ಡೇಟ್. ಸಿನ್ಸಿನಾಟಿ ಇರೋ ಹ್ಯಾಮಿಲ್ಟನ್ ಕೌಂಟಿಯಲ್ಲಿ 2023ರಲ್ಲಿ ಪೂರ್ತಿ ಮಾಡಿದ್ರು, ಆಮೇಲೆ ಬಂದ ಬಿಲ್ ನೋಡಿನೇ ಗ್ರೂಪಲ್ಲಿ ಗಲಾಟೆ ಶುರುವಾಗಿದ್ದು. ಬಿಲ್ಲಿನ ದೊಡ್ಡ ಪಾಲು ಹೋಗೋದು ಸ್ಕೂಲ್ ಡಿಸ್ಟ್ರಿಕ್ಟ್‌ಗೆ. ಸ್ಕೂಲ್ ಬೋರ್ಡ್ ಬೇರೇನೇ ಸಂಸ್ಥೆ, ಅದಕ್ಕೆ ಬೇರೆ ಚುನಾವಣೆ, ಸಿನ್ಸಿನಾಟಿ ಪಬ್ಲಿಕ್ ಸ್ಕೂಲ್ಸ್‌ಗೆ ಏಳು ಜನ ಸದಸ್ಯರು, ಮೇಯರ್ ಅವರ ಮೇಲಿನವರಲ್ಲ. ಲೆವಿಗಳಿಗೆ, ಅಂದ್ರೆ ಸ್ಕೂಲಿಗೆ ಅಂತ ಜನರ ಒಪ್ಪಿಗೆ ಪಡೆದು ಹಾಕೋ ಟ್ಯಾಕ್ಸಿಗೆ, ಓಟು ಹಾಕಿದ್ದೂ ನೀವೇ, ಅಂದ್ರೆ ಓಟಿದ್ದೋರು. ನಿಮ್ಮ ಮನೆ ಬೆಲೆ ಜಾಸ್ತಿ ಕಟ್ಟಿದ್ದಾರೆ ಅನ್ಸಿದ್ರೆ ಕೌಂಟಿಯ ಬೋರ್ಡ್ ಆಫ್ ರಿವಿಷನ್‌ಗೆ ದೂರು ಕೊಡಿ, ಕೊನೇ ದಿನ ಮಾರ್ಚ್ 31. ಅಕ್ಕಪಕ್ಕದಲ್ಲಿ ಅಂಥದ್ದೇ ಮನೆ ಎಷ್ಟಕ್ಕೆ ಹೋಯ್ತು ಅನ್ನೋ ದಾಖಲೆ, ಇಲ್ಲಾ ಪರಿಣತರು ಮನೆ ಬೆಲೆ ಕಟ್ಟಿದ ಒಂದು ಅಪ್ರೈಸಲ್ ವರದಿ, ಜೊತೆಗಿರಲಿ. ಏಪ್ರಿಲಲ್ಲಿ ನೆನಪಾದವರಿಗೆ ಆ ವರ್ಷದ ಬಾಗಿಲು ಮುಚ್ಚಿರುತ್ತೆ.

ಗ್ರೀನ್ ಕಾರ್ಡ್ ಇರೋರು ಲೋಕಲ್ ಚುನಾವಣೆಗೆ ಓಟು ಹಾಕಬಹುದಂತೆ ಅಂತ ಯಾರೋ ಹಬ್ಬಿಸ್ತಿದ್ದಾರೆ. ಒಹಾಯೋದಲ್ಲಿ ಆಗಲ್ಲ, 2022ರಲ್ಲಿ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ಮಾಡಿ ಮುಚ್ಚಿದ್ದಾರೆ. ದಯವಿಟ್ಟು ಆ ಸಾಹಸಕ್ಕೆ ಹೋಗಬೇಡಿ, ಇಮಿಗ್ರೇಷನ್ ಹಾಳಾಗುತ್ತೆ. ಕೌನ್ಸಿಲ್ ಸಭೆಗೆ ಹೋಗಿ ನಿಮ್ಮ ಮಾತು ಹೇಳೋಕೆ ಮಾತ್ರ ಸಿಟಿಜನ್ ಆಗಿರಬೇಕು ಅಂತಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ವಿಷಯ ಬಿಟ್ಟರೆ ನನಗೆ ಸಮಾಧಾನ ಆಗಲ್ಲ, ಯಾರೂ ಕೇಳಿಲ್ಲ ಆದ್ರೂ ಹೇಳ್ತೀನಿ: ನಮ್ಮ ವಾರ್ಡ್ ಕೌನ್ಸಿಲರ್ ಯಾರು? ಯಾರೂ ಇಲ್ಲ. ಸಿನ್ಸಿನಾಟಿಯಲ್ಲಿ ವಾರ್ಡೇ ಇಲ್ಲ, ಒಂಬತ್ತು ಜನರೂ ಇಡೀ ಊರಿಗೆ. ಒಂದು ಕಾಲದಲ್ಲಿ ವಾರ್ಡ್‌ಗಳಿದ್ವು, ಕೌನ್ಸಿಲಲ್ಲಿ 32 ಜನ ಇದ್ರು, ಜಾರ್ಜ್ ಕಾಕ್ಸ್ ಅನ್ನೋ ರಿಪಬ್ಲಿಕನ್ ಬಾಸ್ ಇಡೀ ಊರನ್ನ ಮುಷ್ಟಿಯಲ್ಲಿ ಇಟ್ಕೊಂಡಿದ್ದ, ಅವನ ನಂತರ ಬಂದ ರುಡಾಲ್ಫ್ ಹೈನಿಕಾ ಅಂತೂ ನ್ಯೂಯಾರ್ಕಲ್ಲಿ ಕೂತು ಈ ಊರಿನ ರಾಜಕೀಯ ನಡೆಸ್ತಿದ್ದ. ಜನ ರೋಸಿಹೋಗಿ 1924ರಲ್ಲಿ ಓಟು ಹಾಕಿ ಹೊಸ ಚಾರ್ಟರ್ (ಊರಿನ ಆಡಳಿತದ ಮೂಲ ಕಾನೂನು) ತಂದ್ರು, ಮ್ಯಾನೇಜರ್ ಪದ್ಧತಿ ಬಂದಿದ್ದೂ ಆಗಲೇ. ಆಗ ಒಂಬತ್ತು ಜನರನ್ನ ಆರಿಸ್ತಿದ್ದ ರೀತಿನೇ ಬೇರೆ, ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಕ್ರಮವಾಗಿ ನಂಬರ್ ಹಾಕೋದು, ಎಣಿಕೆ ದಿನಗಟ್ಟಲೆ ಕೈಯಲ್ಲೇ ಆಗ್ತಿತ್ತು. ಸಣ್ಣ ಗುಂಪಿಗೂ ತಕ್ಕ ಪಾಲು ಸಿಗ್ತಿತ್ತು, 1931ರಲ್ಲಿ ಫ್ರ್ಯಾಂಕ್ ಹಾಲ್ ಕೌನ್ಸಿಲಿಗೆ ಬಂದ ಮೊದಲ ಕಪ್ಪು ಸದಸ್ಯ ಆಗಿದ್ದು ಹೀಗೇ. ಥಿಯೋಡೋರ್ ಬೆರ್ರಿ ಅನ್ನೋ ಕಪ್ಪು ವಕೀಲರು 1955ರಲ್ಲಿ ವೈಸ್ ಮೇಯರ್ ಆದ್ರು, ಮುಂದಿನ ಮೇಯರ್ ಇವರೇ ಆಗ್ತಾರೆ ಅನ್ನೋ ಭಯನ ಬಿಳಿಯರ ಏರಿಯಾಗಳಲ್ಲಿ ಹಬ್ಬಿಸಿ, 1957ರಲ್ಲಿ ಆ ಪದ್ಧತಿನೇ ತೆಗೆಸಿದ್ರು. ಅದೇ ವರ್ಷದ ಕೌನ್ಸಿಲ್ ಚುನಾವಣೆಯಲ್ಲಿ ಬೆರ್ರಿ ಸೋತ್ರು. ಅವರು ಊರಿನ ಮೊದಲ ಕಪ್ಪು ಮೇಯರ್ ಆಗೋಕೆ 1972 ಬರಬೇಕಾಯ್ತು. ಈ ಊರಿನ ಇತಿಹಾಸದಲ್ಲಿ ನನಗೆ ತುಂಬಾ ನೋವು ಕೊಡೋ ಪುಟ ಇದು, ಕೌನ್ಸಿಲ್ ಚುನಾವಣೆಯಲ್ಲಿ ನಾವು ಹಿಡಿಯೋ ಬ್ಯಾಲೆಟ್ ಆ ವರ್ಷ ರೂಪಿಸಿದ್ದೇ.

ಅದೇ ಬ್ಯಾಲೆಟಲ್ಲಿ ಈಗ ನಿಮಗೆ ಸಿಗೋದು ಒಂದು ಉದ್ದ ಪಟ್ಟಿ, ಹೆಸರಿನ ಪಕ್ಕ ಪಾರ್ಟಿ ಬರೆದಿರಲ್ಲ, ಒಂಬತ್ತು ಜನರ ತನಕ ಗುರುತು ಹಾಕಬಹುದು, ಜಾಸ್ತಿ ಓಟು ಬಂದ ಮೊದಲ ಒಂಬತ್ತು ಜನ ಗೆದ್ದ ಹಾಗೆ. ಒಂಬತ್ತೂ ತುಂಬಿಸಲೇಬೇಕು ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ, ಹಾಗೇನಿಲ್ಲ. ನಿಮಗೆ ಒಬ್ಬರೇ ಮುಖ್ಯ ಅನ್ಸಿದ್ರೆ ಒಬ್ಬರಿಗೇ ಹಾಕಿ ಉಳಿದದ್ದು ಖಾಲಿ ಬಿಡಿ, ಗೊತ್ತಿಲ್ಲದ ಎಂಟು ಜನಕ್ಕೆ ಹಾಕೋ ಓಟು ನಿಮ್ಮವರನ್ನೇ ಹತ್ತನೇ ಜಾಗಕ್ಕೆ ತಳ್ಳಬಹುದು. ಹತ್ತು ಗುರುತು ಮಾತ್ರ ಹಾಕಬೇಡಿ, ಕೌನ್ಸಿಲ್‌ಗೆ ಹಾಕಿದ ಓಟು ಒಂದೂ ಲೆಕ್ಕಕ್ಕೆ ಬರಲ್ಲ.