ಅಮೆರಿಕದ ಇತಿಹಾಸಕ್ಕೆ ಟಿಕೆಟ್ ಇಡೋಕೆ ಹೊರಟ ಡಿಸ್ನಿ, ಅದಕ್ಕಿಂತ ಮುಂಚೆ ಮತ್ತೆ ಆಮೇಲೆ ಆಗಿದ್ದು

ವಾಷಿಂಗ್ಟನ್ ಡಿಸಿಯಿಂದ ಐ-66 ಹೈವೇ ಹಿಡಿದು ಪಶ್ಚಿಮಕ್ಕೆ ಸುಮಾರು 35 ಮೈಲಿ ಹೋದ್ರೆ ಹೇಮಾರ್ಕೆಟ್ ಅಂತ ಒಂದು ಊರು ಸಿಗತ್ತೆ, ವರ್ಜೀನಿಯಾ ರಾಜ್ಯದ್ದು. ಆಶ್‌ಬರ್ನ್, ಚಾಂಟಿಲಿ ಕಡೆ ಮನೆ ಮಾಡಿರೋ ನಮ್ಮ ಕನ್ನಡದವರು ಶೆನಾಂಡೋವಾ ಬೆಟ್ಟ ನೋಡೋಕೆ ಹೋಗೋವಾಗ ಈ ಕಡೆಯಿಂದಾನೇ ಹೋಗಿರ್ತಾರೆ. 1993ರ ನವೆಂಬರ್‌ನಲ್ಲಿ ಡಿಸ್ನಿ ಕಂಪನಿ ಇಲ್ಲಿ ಸುಮಾರು 3,000 ಎಕರೆ ಜಾಗದಲ್ಲಿ ಅಮೆರಿಕದ ಇತಿಹಾಸದ ಮೇಲೆ ಒಂದು ಥೀಮ್ ಪಾರ್ಕ್ ಕಟ್ತೀವಿ, 65 ಕೋಟಿ ಡಾಲರ್ ಹಾಕ್ತೀವಿ, 1998ಕ್ಕೆ ಓಪನ್ ಮಾಡ್ತೀವಿ ಅಂತ ಅನೌನ್ಸ್ ಮಾಡ್ತು. ಹೆಸರು 'ಡಿಸ್ನೀಸ್ ಅಮೆರಿಕ'. ಒಂದು ವರ್ಷ ತುಂಬೋದ್ರೊಳಗೆ, 1994ರ ಸೆಪ್ಟೆಂಬರ್ 28ಕ್ಕೆ, ಅದೇ ಕಂಪನಿ ಈ ಜಾಗ ನಮಗೆ ಬೇಡ ಅಂತ ಕೈಬಿಡ್ತು.

ಈ ಕಥೆನ ಸಾಮಾನ್ಯವಾಗಿ ಹೇಳೋದು ಕಾರ್ಟೂನ್ ಕಂಪನಿ ಒಂದು ಕಡೆ, ಇತಿಹಾಸಕಾರರು ಒಂದು ಕಡೆ, ಕೊನೆಗೆ ಇತಿಹಾಸಕಾರರು ಗೆದ್ರು ಅಂತ. ಅದು ಸುಳ್ಳಲ್ಲ, ಆದ್ರೆ ಅಷ್ಟಕ್ಕೇ ನಿಲ್ಲಿಸಿದ್ರೆ ಮುಖ್ಯವಾದ ವಿಷ್ಯಾನೇ ಕೈತಪ್ಪಿ ಹೋಗತ್ತೆ. ಗುಲಾಮಗಿರಿ, ಮೂಲನಿವಾಸಿಗಳ ಜಮೀನು ಹೋಗಿದ್ದು, ಯುದ್ಧ, ಇವನ್ನೆಲ್ಲ ಜನ ನಡೆದಾಡಿ ನೋಡೋ ಒಂದು ಜಾಗವಾಗಿ ಡಿಸೈನ್ ಮಾಡೋಕಾಗತ್ತಾ, ಆಗತ್ತೆ ಅಂದ್ರೆ ಯಾರು ಮಾಡಬೇಕು, ಎಲ್ಲಿ ಮಾಡಬೇಕು? ಈ ಪ್ರಶ್ನೆ ಡಿಸ್ನಿ ಬರೋಕೆ 67 ವರ್ಷ ಮುಂಚೆನೇ ವರ್ಜೀನಿಯಾದಲ್ಲಿ ಶುರುವಾಗಿತ್ತು.

ಶುರುವಾಗಿದ್ದು ವಿಲಿಯಮ್ಸ್‌ಬರ್ಗ್‌ನಲ್ಲಿ. ಬ್ರಿಟಿಷರ ಕಾಲದಲ್ಲಿ ವರ್ಜೀನಿಯಾದ ರಾಜಧಾನಿ ಆಗಿದ್ದ ಊರು, ರಾಜಧಾನಿ ರಿಚ್ಮಂಡ್‌ಗೆ ಹೋದಮೇಲೆ ಮಂಕಾಗಿಹೋಗಿತ್ತು. ಅಲ್ಲಿನ ಚರ್ಚಿನ ಪಾದ್ರಿ ಡಬ್ಲ್ಯೂ. ಎ. ಆರ್. ಗುಡ್ವಿನ್ ಅನ್ನೋರು 1926ರಲ್ಲಿ ದೊಡ್ಡ ಶ್ರೀಮಂತ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್‌ನ ಒಪ್ಪಿಸಿ, ಇಡೀ ಊರನ್ನೇ 18ನೇ ಶತಮಾನಕ್ಕೆ ವಾಪಸ್ ತಗೊಂಡು ಹೋಗೋ ಕೆಲಸ ಶುರು ಮಾಡಿಸಿದ್ರು. ಹಳೇ ಕಟ್ಟಡ ಉಳಿದಿದ್ದನ್ನ ರಿಪೇರಿ ಮಾಡಿದ್ರು, ಆಮೇಲೆ ಬಂದ ಕಟ್ಟಡ 700ಕ್ಕೂ ಹೆಚ್ಚು ಕೆಡವಿದ್ರು, 1781ರಲ್ಲೇ ಸುಟ್ಟುಹೋಗಿದ್ದ ಗವರ್ನರ್ ಅರಮನೆಯನ್ನ ಹಳೇ ಪಾಯದ ಮೇಲೆ ಹೊಸದಾಗಿ ಕಟ್ಟಿ 1934ರಲ್ಲಿ ಓಪನ್ ಮಾಡಿದ್ರು. ಹೆಂಚು, ಇಟ್ಟಿಗೆ, ಬಾಗಿಲ ಬಣ್ಣ, ತೋಟದ ಗಿಡ ಎಲ್ಲದರಲ್ಲೂ ಕೆಲಸ ಅಚ್ಚುಕಟ್ಟು. ಆದ್ರೆ ಆ ಕಾಲದ ಊರಿನ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ, ಅವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಗುಲಾಮರು, ಅವರು ಮಾತ್ರ ಈ ಸುಂದರ ಊರಲ್ಲಿ ಕಾಣಿಸ್ತಾನೇ ಇರಲಿಲ್ಲ. ಪ್ರವಾಸಿಗಳ ಮುಂದೆ ಕಪ್ಪು ಜನರ ಬದುಕನ್ನ ಪಾತ್ರ ಮಾಡಿ ತೋರಿಸೋಕೆ ಶುರು ಮಾಡಿದ್ದು 1979ರಲ್ಲಿ. ಅಂದ್ರೆ ಗೇಟ್ ತೆಗೆದು ಹತ್ತಿರ ಹತ್ತಿರ ಐವತ್ತು ವರ್ಷ ಆದಮೇಲೆ! ಬಾಗಿಲ ಬಣ್ಣಕ್ಕೆ ಅಷ್ಟು ತಲೆ ಕೆಡಿಸಿಕೊಂಡೋರು ಅರ್ಧ ಊರನ್ನ ಹೇಗೆ ಬಿಟ್ರು ಅಂತ ನನಗೆ ಇವತ್ತಿಗೂ ಬೇಜಾರಾಗತ್ತೆ.

ಡಿಸ್ನಿ ಕಂಪನಿ ಕಟ್ಟಿದ ವಾಲ್ಟ್ ಡಿಸ್ನಿಗೂ ಈ ಕಾಲದ ಮೇಲೆ ತುಂಬಾ ಆಸೆ ಇತ್ತು. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಲಿಬರ್ಟಿ ಸ್ಟ್ರೀಟ್ ಅಂತ ಒಂದು ಬೀದಿ ಪ್ಲಾನ್ ಮಾಡಿದ್ರು, ಅಮೆರಿಕ ಬ್ರಿಟಿಷರ 13 ವಸಾಹತುಗಳಾಗಿದ್ದ ಕಾಲದ ಅಂಗಡಿ, ಕುಶಲಕರ್ಮಿಗಳು, ಕೊನೆಗೆ ಮಾತಾಡೋ ಅಧ್ಯಕ್ಷರ ಬೊಂಬೆಗಳು. ಅದು ಆಗಲಿಲ್ಲ. 1964ರ ನ್ಯೂಯಾರ್ಕ್ ವರ್ಲ್ಡ್ ಫೇರ್‌ನಲ್ಲಿ ಎದ್ದು ನಿಂತು ಭಾಷಣ ಮಾಡೋ ಲಿಂಕನ್ ಬೊಂಬೆ ಬಂತು, ವಾಲ್ಟ್ ತೀರಿಕೊಂಡಮೇಲೆ 1971ರಲ್ಲಿ ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಲಿಬರ್ಟಿ ಸ್ಕ್ವೇರ್ ಅಂತ ಆ ಹಳೇ ಪ್ಲಾನೇ ಬೇರೆ ರೂಪದಲ್ಲಿ ಬಂತು. ಅಲ್ಲಿ ಒಂದು ದೊಡ್ಡ ಓಕ್ ಮರ ಇದೆ, 13 ವಸಾಹತಿಗೆ 13 ಲಾಂದ್ರ ತೂಗು ಹಾಕಿದಾರೆ, ನೋಡೋಕೆ ನಿಜವಾಗ್ಲೂ ಚೆಂದ. ಅಲ್ಲಿನ ಅಧ್ಯಕ್ಷರ ಬೊಂಬೆಗಳ ಷೋನಲ್ಲಿ ಗುಲಾಮಗಿರಿ ಬಗ್ಗೆ ನೇರವಾಗಿ ಮಾತು ಬಂದಿದ್ದು 1993ರಲ್ಲಿ, ಕೊಲಂಬಿಯಾ ಯೂನಿವರ್ಸಿಟಿಯ ಇತಿಹಾಸಕಾರ ಎರಿಕ್ ಫೋನರ್‌ನ ಕರೆಸಿ ಸ್ಕ್ರಿಪ್ಟ್ ತಿದ್ದಿಸಿದಾಗ. ಅದೇ ವರ್ಷವೇ ಹೇಮಾರ್ಕೆಟ್ ಅನೌನ್ಸ್‌ಮೆಂಟ್ ಆಗಿದ್ದು ಅನ್ನೋದನ್ನ ಗಮನದಲ್ಲಿ ಇಟ್ಕೊಳಿ, ಇತಿಹಾಸಕಾರರ ಮಾತು ಕೇಳೋದೇ ಇಲ್ಲ ಅನ್ನೋ ಕಂಪನಿ ಅದಾಗಿರಲಿಲ್ಲ.

ನಡುವೆ ಇನ್ನೊಂದು ಪಾರ್ಕ್ ಬಂದುಹೋಯ್ತು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1960ರಲ್ಲಿ ಫ್ರೀಡಂಲ್ಯಾಂಡ್ ಅಂತ, ಡಿಸ್ನಿಲ್ಯಾಂಡ್ ಕಟ್ಟೋವಾಗ ವಾಲ್ಟ್ ಜೊತೆ ಇದ್ದ ಸಿ. ವಿ. ವುಡ್ ಮಾಡಿದ್ದು, ಇಡೀ ಪಾರ್ಕನ್ನೇ ಅಮೆರಿಕದ ಮ್ಯಾಪ್ ಆಕಾರದಲ್ಲಿ ಹಾಕಿದ್ರು. 1871ರ ಶಿಕಾಗೋ ಬೆಂಕಿಯನ್ನ ದಿನಾ ಹಚ್ಚೋರು, ಬಂದ ಜನರೇ ಪಂಪ್ ಒತ್ತಿ ಆರಿಸೋರು. 1964ಕ್ಕೆ ದಿವಾಳಿ ಎದ್ದು ಮುಚ್ಚಿಹೋಯ್ತು, ಆ ಜಾಗದಲ್ಲಿ ಈಗ ಕೋ-ಆಪ್ ಸಿಟಿ ಅನ್ನೋ ದೊಡ್ಡ ಅಪಾರ್ಟ್‌ಮೆಂಟ್ ಸಮೂಹ ಇದೆ.

ಈಗ ಹೇಮಾರ್ಕೆಟ್‌ಗೆ ಬರೋಣ. ಡಿಸ್ನಿ ಕಂಪನಿಯ ದೊಡ್ಡೋರು 1991ರಲ್ಲಿ ವಿಲಿಯಮ್ಸ್‌ಬರ್ಗ್ ನೋಡಿಕೊಂಡು ಬಂದಮೇಲೆ ಈ ಐಡಿಯಾ ಹುಟ್ಟಿದ್ದು. ಆಗ ಸಿಇಒ ಮೈಕಲ್ ಐಸ್ನರ್, ಡಿಸೈನ್ ಕಡೆ ನೋಡಿಕೊಂಡಿದ್ದು ಬಾಬ್ ವೈಸ್. ಪಾರ್ಕನ್ನ ಕಾಲದ ಪ್ರಕಾರ ಭಾಗ ಮಾಡಿದ್ರು. ಒಳಗೆ ಕಾಲಿಟ್ಟ ತಕ್ಷಣ 1800ರಿಂದ 1850ರ ಒಂದು ಊರು, ಅಲ್ಲಿಂದ ಹಳೇ ಸ್ಟೀಮ್ ರೈಲು. ಆಮೇಲೆ 1750ರಿಂದ 1800ರ ಪ್ರೆಸಿಡೆಂಟ್ಸ್ ಸ್ಕ್ವೇರ್, ದೇಶ ಹುಟ್ಟಿದ ಕಾಲದ್ದು. 1600ರಿಂದ 1810ರ ನೇಟಿವ್ ಅಮೆರಿಕ ಅನ್ನೋ ಭಾಗದಲ್ಲಿ ಪೊವಾಟನ್ ಜನರ ಹಳ್ಳಿ, ಜೊತೆಗೆ ಪಶ್ಚಿಮಕ್ಕೆ ದಾರಿ ಹುಡುಕಿಕೊಂಡು ಹೋದ ಲೂಯಿಸ್ ಮತ್ತು ಕ್ಲಾರ್ಕ್ ಪ್ರಯಾಣದ ಹೆಸರಲ್ಲಿ ನೀರಿನ ಮೇಲೆ ಜೋರಾಗಿ ಹೋಗೋ ರಾಫ್ಟ್ ರೈಡ್. ಅಂತರ್ಯುದ್ಧದ ಕೋಟೆ, ವಲಸೆ ಬಂದವರ ಎಲ್ಲಿಸ್ ಐಲ್ಯಾಂಡ್, ಕಾರ್ಖಾನೆ ಊರು ಮತ್ತೆ ಅಲ್ಲಿ ಉಕ್ಕಿನ ಕುಲುಮೆ ಮಧ್ಯ ಹಾದುಹೋಗೋ ರೋಲರ್ ಕೋಸ್ಟರ್, ಎರಡನೇ ಮಹಾಯುದ್ಧದ ವಿಮಾನ ನಿಲ್ದಾಣ, ಹಳ್ಳಿ ಜಾತ್ರೆ, ರೈತರ ಮನೆ.

ಇದರಲ್ಲಿ ಒಳ್ಳೇದೂ ಇತ್ತು, ಅದನ್ನ ಹೇಳಲೇಬೇಕು. ಕಾಲವನ್ನ ಜಾಗವಾಗಿ ಮಾಡಿ ಮಗು ಕೂಡ ನಡೆದುಕೊಂಡು ಹೋಗಿ ಯಾವುದು ಮೊದಲು ಯಾವುದು ಆಮೇಲೆ ಅಂತ ಅರ್ಥ ಮಾಡ್ಕೊಳೋ ಹಾಗೆ ಇಡೋದು ಸಣ್ಣ ಕೆಲಸ ಅಲ್ಲ, ಮತ್ತೆ ವಲಸೆ ಬಂದವರ ಕಥೆ, ಕಾರ್ಮಿಕರ ಕಥೆಗೆ ಜಾಗ ಕೊಟ್ಟಿದ್ದೂ ದೊಡ್ಡದೇ. ತೊಂದರೆ ಬಂದಿದ್ದು ರೈಡ್ ಅನ್ನೋದರ ಸ್ವಭಾವದಿಂದ. ರೈಡ್‌ನಲ್ಲಿ ಕೂತೋರಿಗೆ ಭಯ ಆಗತ್ತೆ, ಆದ್ರೆ ಬೆಲ್ಟ್ ಇದೆ, ಕೊನೆಗೆ ಕ್ಷೇಮವಾಗಿ ಇಳೀತೀವಿ ಅಂತ ಮೊದಲೇ ಗೊತ್ತು. ಆ ಗೊತ್ತಿರೋದೇ ಅದರ ಖುಷಿ. ಅನೌನ್ಸ್ ಮಾಡೋವಾಗ ಬಾಬ್ ವೈಸ್, ನಾವು ಬರೀ ಸಿಹಿಸಿಹಿ ಅಮೆರಿಕ ತೋರಿಸಲ್ಲ, ಗುಲಾಮರಾಗಿದ್ರೆ ಹೇಗಿರ್ತಿತ್ತು, ಅಂಡರ್‌ಗ್ರೌಂಡ್ ರೈಲ್‌ರೋಡ್‌ನಲ್ಲಿ (ರೈಲಲ್ಲ, ಗುಲಾಮರು ಓಡಿಹೋಗೋಕೆ ಇದ್ದ ಗುಟ್ಟಿನ ದಾರಿಗಳು) ತಪ್ಪಿಸಿಕೊಂಡು ಓಡಿದ್ರೆ ಹೇಗಿರ್ತಿತ್ತು ಅನ್ನೋದನ್ನ ಜನಕ್ಕೆ ಅನುಭವ ಮಾಡಿಸ್ತೀವಿ ಅನ್ನೋ ಅರ್ಥದಲ್ಲಿ ಮಾತಾಡಿದ್ರು. ಅವರ ಉದ್ದೇಶ ಕೆಟ್ಟದ್ದು ಅಂತ ನಾನು ಹೇಳಲ್ಲ, ಮುಚ್ಚಿಡಬಾರದು ಅಂತಾನೇ ಅವರು ಹೇಳಿದ್ದು. ಆದ್ರೆ ಗುಲಾಮನಿಗೆ ಕೊನೆಗೆ ಇಳಿಯೋ ಜಾಗ ಇತ್ತಾ? ಹತ್ತು ನಿಮಿಷ ಗುಲಾಮನ ಹಾಗೆ ಅನುಭವಿಸಿ ಹೊರಗೆ ಬಂದು ರೋಲರ್ ಕೋಸ್ಟರ್ ಕ್ಯೂನಲ್ಲಿ ನಿಲ್ಲೋದು ಅಂದ್ರೆ, ಆ ನೋವು ಯಾರ ಅಜ್ಜ ಅಜ್ಜಿಯದ್ದೋ ಅವರಿಗೆ ಹೇಗನ್ನಿಸಬೇಡ. ಕಪ್ಪು ಜನರ ಕಡೆಯಿಂದ ಸಿಟ್ಟು ಬಂದಿದ್ದು ಸಹಜ, ಕಂಪನಿ ಆಮೇಲೆ ಆ ಮಾತನ್ನ ಮೆತ್ತಗೆ ಮಾಡೋಕೆ ನೋಡ್ತು, ಆಗ ಇನ್ನೊಂದು ಕಡೆಯವರು ಹಾಗಾದ್ರೆ ಇತಿಹಾಸವನ್ನ ಸಿಹಿ ಮಾಡ್ತೀರ ಅಂತ ಹಿಡ್ಕೊಂಡ್ರು.

ಆದ್ರೆ ಪಾರ್ಕನ್ನ ನಿಲ್ಲಿಸಿದ್ದು ಈ ಪ್ರಶ್ನೆ ಒಂದೇ ಅಲ್ಲ, ಜಾಸ್ತಿ ಕೆಲಸ ಮಾಡಿದ್ದು ಜಾಗದ ಪ್ರಶ್ನೆ. ಆ ಜಾಗದಿಂದ ನಾಲ್ಕೈದು ಮೈಲಿಯಲ್ಲೇ ಮನಾಸಸ್ ಯುದ್ಧಭೂಮಿ, 1861ರ ಜುಲೈನಲ್ಲಿ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ, 1862ರ ಆಗಸ್ಟ್‌ನಲ್ಲಿ ಎರಡನೇದು, ಎರಡೂ ಇಲ್ಲೇ. ಡಿಸ್ನಿ ಬರೋಕೆ ಐದಾರು ವರ್ಷ ಮುಂಚೆ ಅಲ್ಲೇ ಪಕ್ಕದಲ್ಲಿ ಒಬ್ಬ ಡೆವಲಪರ್ ದೊಡ್ಡ ಮಾಲ್ ಕಟ್ಟೋಕೆ ಹೋಗಿ, ಜನ ಗಲಾಟೆ ಮಾಡಿ, 1988ರಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿ 500ಕ್ಕೂ ಹೆಚ್ಚು ಎಕರೆಯನ್ನ ಸರ್ಕಾರಕ್ಕೆ ತಗೊಂಡಿತ್ತು, ಅದಕ್ಕೆ ಹತ್ತು ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚಾಗಿತ್ತು. ಹಾಗಾಗಿ ಹೋರಾಟ ಮಾಡೋದು ಹೇಗೆ ಅಂತ ಆ ಕಡೆ ಜನಕ್ಕೆ ಆಗಲೇ ಗೊತ್ತಿತ್ತು. ಮತ್ತೆ ಡಿಸ್ನಿ ಪ್ಲಾನ್ ಬರೀ ಪಾರ್ಕ್ ಅಲ್ಲ, ಎರಡು ಸಾವಿರಕ್ಕೂ ಹೆಚ್ಚು ಮನೆ, ಹೋಟೆಲ್, ಆಫೀಸು, ಗಾಲ್ಫ್ ಕೋರ್ಸ್ ಎಲ್ಲಾ ಇತ್ತು. ಐ-66ನಲ್ಲಿ ಆಗಲೇ ಟ್ರಾಫಿಕ್ ಜಾಮ್, ಅದರ ಮೇಲೆ ವರ್ಷಕ್ಕೆ ಲಕ್ಷಗಟ್ಟಲೆ ಕಾರು ಬಂದ್ರೆ ಏನ್ ಗತಿ ಅಂತ ಪೀಡ್ಮಾಂಟ್ ಎನ್ವಿರಾನ್ಮೆಂಟಲ್ ಕೌನ್ಸಿಲ್ ಅನ್ನೋ ಸಂಘಟನೆ ಎದ್ದು ನಿಂತ್ಕೊಳ್ತು. ಇದರ ಹಿಂದೆ ಕುದುರೆ ಫಾರ್ಮ್ ಇಟ್ಟುಕೊಂಡಿದ್ದ ಶ್ರೀಮಂತರ ದುಡ್ಡಿತ್ತು ಅನ್ನೋದೂ ನಿಜ, ಹೇಮಾರ್ಕೆಟ್ ಕಡೆಯ ಎಷ್ಟೋ ಸಾಮಾನ್ಯ ಜನಕ್ಕೆ ಮಾತ್ರ ಪಾರ್ಕ್ ಬೇಕಿತ್ತು, ಕೆಲಸ ಸಿಗತ್ತೆ, ಟ್ಯಾಕ್ಸ್ ಬರತ್ತೆ ಅಂತ. ಅವರ ಆಸೇನ ಹಗುರವಾಗಿ ನೋಡಬಾರದು.

ಹೊಸ ಗವರ್ನರ್ ಜಾರ್ಜ್ ಆಲನ್ ಪೂರ್ತಿ ಡಿಸ್ನಿ ಪರ. 1994ರ ಮಾರ್ಚ್‌ನಲ್ಲಿ ವರ್ಜೀನಿಯಾ ಶಾಸನಸಭೆ ರಸ್ತೆ ಇತ್ಯಾದಿಗೆ ಅಂತ 16.3 ಕೋಟಿ ಡಾಲರ್ ಪ್ಯಾಕೇಜ್ ಒಪ್ಪಿಕೊಳ್ತು. ಅಲ್ಲಿಗೆ ಎಲ್ಲಾ ಮುಗೀತು ಅಂತಾನೇ ಅನ್ನಿಸಿತ್ತು. ಆದ್ರೆ ಮೇ ತಿಂಗಳಲ್ಲಿ ಜೇಮ್ಸ್ ಮ್ಯಾಕ್‌ಫರ್ಸನ್, ಡೇವಿಡ್ ಮೆಕಲಾ, ಶೆಲ್ಬಿ ಫೂಟ್, ಸಿ. ವ್ಯಾನ್ ವುಡ್‌ವರ್ಡ್ ಥರದ ದೊಡ್ಡ ಹೆಸರಿನ ಇತಿಹಾಸಕಾರರು, ಲೇಖಕರು ಒಟ್ಟಾಗಿ ಪ್ರೊಟೆಕ್ಟ್ ಹಿಸ್ಟಾರಿಕ್ ಅಮೆರಿಕ ಅಂತ ಗುಂಪು ಕಟ್ಟಿದ್ರು, ಹಳೇ ಜಾಗಗಳನ್ನ ಉಳಿಸೋ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ರಿಚರ್ಡ್ ಮೋ ಕೂಡ ಗಟ್ಟಿಯಾಗಿ ವಿರೋಧ ಮಾಡಿದ್ರು, ಊರಿನ ಜಗಳ ದೇಶದ ಜಗಳ ಆಯ್ತು. ಜೂನ್‌ನಲ್ಲಿ ಸೆನೆಟ್ ಸಬ್‌ಕಮಿಟಿ ವಿಚಾರಣೆನೂ ನಡೀತು. ಐಸ್ನರ್ ಪತ್ರಿಕೆಯವರ ಮುಂದೆ, ನಾನು ಒಳ್ಳೇದು ಮಾಡ್ತಿದೀನಿ ಅನ್ಕೊಂಡಿದ್ದೆ, ಜನ ಹೆಗಲ ಮೇಲೆ ಹೊತ್ಕೊಂಡು ಮೆರೆಸ್ತಾರೆ ಅನ್ಕೊಂಡಿದ್ದೆ ಅಂದ್ರು, ಇತಿಹಾಸದ ಕ್ಲಾಸು ನನಗೆ ಬೋರ್ ಆಗ್ತಿತ್ತು ಅಂತಾನೂ ಸೇರಿಸಿದ್ರು. ಆ ಮಾತು ಅವರಿಗೆ ತುಂಬಾ ದುಬಾರಿ ಆಯ್ತು.

ಕಂಪನಿ ಒಳಗೂ ಆ ವರ್ಷ ಸರಿ ಇರಲಿಲ್ಲ. 1992ರಲ್ಲಿ ಓಪನ್ ಮಾಡಿದ ಪ್ಯಾರಿಸ್ ಪಾರ್ಕ್ ಭಾರೀ ನಷ್ಟದಲ್ಲಿತ್ತು. ಏಪ್ರಿಲ್‌ನಲ್ಲಿ ಕಂಪನಿ ಪ್ರೆಸಿಡೆಂಟ್ ಫ್ರಾಂಕ್ ವೆಲ್ಸ್ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ್ರು, ಜುಲೈನಲ್ಲಿ ಐಸ್ನರ್‌ಗೆ ಬೈಪಾಸ್ ಆಯ್ತು, ಆಗಸ್ಟ್‌ನಲ್ಲಿ ಸಿನಿಮಾ ಸ್ಟುಡಿಯೋ ಮುಖ್ಯಸ್ಥ ಜೆಫ್ರಿ ಕ್ಯಾಟ್ಜೆನ್‌ಬರ್ಗ್ ಬಿಟ್ಟು ಹೋಗೋದು ಖಾತ್ರಿಯಾಯ್ತು. ಇದೆಲ್ಲ ಸೇರಿ ಸೆಪ್ಟೆಂಬರ್‌ಗೆ ಹೇಮಾರ್ಕೆಟ್ ಕೈಬಿಟ್ರು. ಬರೀ ಇತಿಹಾಸಕಾರರ ಗೆಲುವು ಅಂತ ನಾನು ಬರೆಯದೇ ಇರೋದು ಇದಕ್ಕೇ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಭಾಗ. ಡಿಸ್ನಿ ಕೈಬಿಟ್ಟು ಹನ್ನೆರಡು ದಿನಕ್ಕೆ, 1994ರ ಅಕ್ಟೋಬರ್ 10ಕ್ಕೆ, ಅದೇ ವಿಲಿಯಮ್ಸ್‌ಬರ್ಗ್‌ನಲ್ಲಿ ಗುಲಾಮರ ಹರಾಜನ್ನ ಬಯಲಲ್ಲಿ ಅಭಿನಯ ಮಾಡಿ ತೋರಿಸಿದ್ರು. ಮಾಡಿಸಿದ್ದು ಅಲ್ಲಿನ ಆಫ್ರಿಕನ್ ಅಮೆರಿಕನ್ ವಿಭಾಗದ ಮುಖ್ಯಸ್ಥೆ ಕ್ರಿಸ್ಟಿ ಕೋಲ್ಮನ್, ಸ್ವತಃ ಕಪ್ಪು ಹೆಣ್ಣುಮಗಳು, ಮಾರಾಟವಾಗೋ ಹೆಂಗಸಿನ ಪಾತ್ರನೂ ಅವರೇ ಮಾಡಿದ್ರು. ವಿರೋಧ ಜೋರಾಗಿತ್ತು, ನಾಗರಿಕ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯವರೂ ಬಂದು ಪ್ರತಿಭಟನೆ ಮಾಡಿದ್ರು. ಗಂಡ ಹೆಂಡತಿನ ಬೇರೆ ಬೇರೆ ಮಾಲೀಕರಿಗೆ ಮಾರಿ ಮುಗಿಸಿದಮೇಲೆ, ವಿರೋಧಿಸೋಕೆ ಬಂದಿದ್ದ ಜಾಕ್ ಗ್ರೇವ್ಲಿ ಅನ್ನೋ ಎನ್‌ಎಎಸಿಪಿ ಮುಖಂಡರು, ನೋಡಿದಮೇಲೆ ನನ್ನ ಮನಸ್ಸು ಬದಲಾಯ್ತು ಅಂತ ಎಲ್ಲರ ಮುಂದೆ ಹೇಳಿದ್ರು. ಅದನ್ನ ದಿನಾ ನಡೆಯೋ ಷೋ ಮಾಡಲಿಲ್ಲ. ನೋಡೋರಿಗೆ ಯಾವ ಪಾತ್ರನೂ ಕೊಡಲಿಲ್ಲ, ಸುಮ್ಮನೆ ನಿಂತು ನೋಡಬೇಕಿತ್ತು ಅಷ್ಟೆ, ತಾವು ಏನೂ ಮಾಡೋಕಾಗ್ತಿಲ್ಲ ಅನ್ನೋದು ಅವರಿಗೇ ಗೊತ್ತಾಗ್ತಿತ್ತು. ಡಿಸೈನ್ ಅಂದ್ರೆ ಇದೂ ಡಿಸೈನೇ. ನೋಡೋನನ್ನ ಎಲ್ಲಿ ನಿಲ್ಲಿಸ್ತೀವಿ ಅನ್ನೋದರ ಮೇಲೆ ಅರ್ಧ ನ್ಯಾಯ ನಿಂತಿರತ್ತೆ.

ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಲ್ಲೂ ಹೀಗೇ. 1947ರಲ್ಲಿ ಶುರುವಾದ ಅಲ್ಲಿನ ಬಯಲು ಮ್ಯೂಸಿಯಂನಲ್ಲಿ ಇಂಗ್ಲಿಷರ ಹಳ್ಳಿಯೊಳಗಿರೋರು 1620ರ ದಶಕದವರ ಹಾಗೇ ಮಾತಾಡ್ತಾರೆ, ನೀವು ಫೋನ್ ಬಗ್ಗೆ ಕೇಳಿದ್ರೆ ಗೊತ್ತಿಲ್ಲ ಅಂತಾರೆ. ಆದ್ರೆ ಪಕ್ಕದಲ್ಲಿರೋ ವಾಂಪನೋಗ್ ಮನೆಗಳ ಹತ್ತಿರ ಇರೋ ಮೂಲನಿವಾಸಿ ಜನ ಪಾತ್ರ ಮಾಡಲ್ಲ. ಬಟ್ಟೆ, ಅಡುಗೆ, ದೋಣಿ ಕೊರೆಯೋದು ಎಲ್ಲಾ ಹಳೇ ಥರ, ಮಾತು ಮಾತ್ರ ಇವತ್ತಿನ ಮನುಷ್ಯರದ್ದು, ನಾವು ಇನ್ನೂ ಇದೀವಿ ಅಂತ ಹೇಳೋ ಹಾಗೆ. ಹೇಮಾರ್ಕೆಟ್ ಪ್ಲಾನ್‌ನಲ್ಲಿ ಮೂಲನಿವಾಸಿಗಳ ಭಾಗ 1810ಕ್ಕೆ ಮುಗಿದುಹೋಗಿತ್ತು, ಅಲ್ಲಿಂದ ಮುಂದೆ ಆ ಜನಕ್ಕೆ ಅಂತ ಒಂದು ಭಾಗನೂ ಇರಲಿಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ವ್ಯತ್ಯಾಸ ತಾನಾಗೇ ಕಾಣತ್ತೆ.

ವಿಲಿಯಮ್ಸ್‌ಬರ್ಗ್ ತನ್ನ ಹಳೇ ತಪ್ಪನ್ನ ಇನ್ನೂ ಅಗೆದು ತೆಗೀತಾನೇ ಇದೆ. ಅಲ್ಲಿನ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚ್ ಅಂದ್ರೆ 1776ರಷ್ಟು ಹಳೇದು ಅಂತ ಹೇಳೋ ಕಪ್ಪು ಜನರ ಸಭೆ, ಅಂದ್ರೆ ಒಂದೇ ಚರ್ಚಿನ ಭಕ್ತರ ಸಮುದಾಯ. ಅವರ 1856ರ ಕಟ್ಟಡವನ್ನ ವಸಾಹತು ಕಾಲದ್ದಲ್ಲ ಅಂತ 1950ರ ದಶಕದಲ್ಲಿ ಕೆಡವಿ ಆಮೇಲೆ ಅದರ ಮೇಲೆ ಪಾರ್ಕಿಂಗ್ ಲಾಟ್ ಹಾಕಿದ್ರು. 2020ರಲ್ಲಿ ಅಲ್ಲಿ ಅಗೆಯೋಕೆ ಶುರು ಮಾಡಿದಾಗ ಅದಕ್ಕೂ ಹಳೇ ಕಟ್ಟಡದ ಪಾಯ ಸಿಕ್ತು, ಅರವತ್ತಕ್ಕೂ ಹೆಚ್ಚು ಸಮಾಧಿ ಸಿಕ್ತು, 2023ರಲ್ಲಿ ಮೂಳೆ ಮತ್ತು ಡಿಎನ್‌ಎ ಪರೀಕ್ಷೆಯಿಂದ ಅಲ್ಲಿ ಮಲಗಿರೋರು ಆ ಸಭೆಯ ಪೂರ್ವಿಕರೇ ಅಂತ ಖಚಿತವಾಯ್ತು. ಏನೇನು ಹುಡುಕಬೇಕು, ಸಮಾಧಿಗಳನ್ನ ಮುಟ್ಟಬೇಕಾ ಬೇಡ್ವಾ ಅನ್ನೋದನ್ನ ಆ ಸಭೆಯ ವಂಶಸ್ಥರನ್ನ ಕೇಳಿಕೊಂಡೇ ಮಾಡಿದಾರೆ. 1926ರಲ್ಲಿ ಈ ಥರ ಕೇಳಿದ್ರೆ ಊರೇ ಬೇರೆ ಥರ ಕಾಣ್ತಿತ್ತು.

ಹೇಮಾರ್ಕೆಟ್‌ನ ಆ ಜಮೀನು ಹಾಗೇ ಹೊಲವಾಗಿ ಉಳೀಲಿಲ್ಲ. ದೊಡ್ಡ ಗೇಟೆಡ್ ಲೇಔಟ್, ಗಾಲ್ಫ್ ಕೋರ್ಸ್, ಸ್ಕೌಟ್ ಮಕ್ಕಳ ಕ್ಯಾಂಪ್ ಬಂದಿದೆ, ಟ್ರಾಫಿಕ್ಕೂ ಬಂದಿದೆ. ಅದಕ್ಕಿಂತ ದೊಡ್ಡ ಜಗಳ ಈಗ ಮನಾಸಸ್ ಯುದ್ಧಭೂಮಿಗೆ ಅಂಟಿಕೊಂಡಿರೋ ಸುಮಾರು 2,100 ಎಕರೆಯದ್ದು. ಅಲ್ಲಿ ಡಿಜಿಟಲ್ ಗೇಟ್‌ವೇ ಅಂತ ಡೇಟಾ ಸೆಂಟರ್‌ಗಳ ಸಾಲನ್ನೇ ಕಟ್ಟೋಕೆ ಆ ಕಡೆಯ ಜಿಲ್ಲಾಡಳಿತವಾದ ಪ್ರಿನ್ಸ್ ವಿಲಿಯಂ ಕೌಂಟಿ 2023ರ ಡಿಸೆಂಬರ್‌ನಲ್ಲಿ, ಒಂದು ದಿನಕ್ಕಿಂತ ಹೆಚ್ಚು ಹೊತ್ತು ನಡೆದ ಮೀಟಿಂಗ್ ಆದಮೇಲೆ, ಅನುಮತಿ ಕೊಡ್ತು. ಊರಿನವರು ಕೋರ್ಟಿಗೆ ಹೋದ್ರು, ಸಾರ್ವಜನಿಕ ನೋಟಿಸ್ ಸರಿಯಾಗಿ ಕೊಟ್ಟಿಲ್ಲ ಅಂತ 2025ರ ಆಗಸ್ಟ್‌ನಲ್ಲಿ ಜಡ್ಜ್ ಆ ಅನುಮತಿನ ರದ್ದು ಮಾಡಿದ್ರು, ಅದರ ಮೇಲೆ ಮತ್ತೆ ಅಪೀಲು ಹೋಯ್ತು.